ಇನ್‌ಸ್ಟಾಲ್ ಆದ ಪ್ರೋಗ್ರಾಮ್ ಟರ್ಮಿನಲ್ಲಿಗೆ ಏಕೆ ಸಿಗುವುದಿಲ್ಲ?

ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ ಇನ್‌ಸ್ಟಾಲ್ ಆಗಿರುತ್ತದೆ, ಅದರ ಫೈಲುಗಳು ಡಿಸ್ಕಿನಲ್ಲಿ ಕಣ್ಣಿಗೆ ಕಾಣುತ್ತಿರುತ್ತವೆ. ಆದರೂ ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ಹೆಸರು ಬರೆದು ಎಂಟರ್ ಒತ್ತಿದರೆ ‘ಕಮಾಂಡ್ ನಾಟ್ ಫೌಂಡ್’ ಎಂಬ ಉತ್ತರ ಬರುತ್ತದೆ. ಆಗ ಹೆಚ್ಚಿನವರು ಮೊದಲು ಮತ್ತೊಮ್ಮೆ ಇನ್‌ಸ್ಟಾಲ್ ಮಾಡುತ್ತಾರೆ, ಅದೂ ಫಲಿಸದಿದ್ದರೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡುತ್ತಾರೆ. ಇದರಿಂದ ಕೆಲವೊಮ್ಮೆ ಕೆಲಸವಾಗಿಬಿಡುವುದೇ ದೊಡ್ಡ ತೊಂದರೆ. ಕಾರಣ ತಿಳಿಯದೆ ದಕ್ಕಿದ ಪರಿಹಾರ ಮೂಢನಂಬಿಕೆಯಾಗಿ ಬೇರೂರುತ್ತದೆ, ಒಬ್ಬರಿಂದೊಬ್ಬರಿಗೆ ಹರಡುತ್ತದೆ. ರೀಸ್ಟಾರ್ಟ್ ಏಕೆ ಫಲಿಸಿತು ಎಂಬುದಕ್ಕೆ ಬಹಳ ಸ್ಪಷ್ಟವಾದ, ಅಷ್ಟೇ ಸೊಗಸಾದ ಕಾರಣವೊಂದಿದೆ.

ಟರ್ಮಿನಲ್ಲಿನಲ್ಲಿ ಬರೆದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ಅದು ಇಡೀ ಡಿಸ್ಕನ್ನು ಜಾಲಾಡುವುದಿಲ್ಲ. ಅದರ ಬಳಿ ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಹೆಸರಿಟ್ಟು ಇರಿಸಿಕೊಂಡ ಮಾಹಿತಿ, ಇರುತ್ತದೆ. ‘/ಯುಎಸ್‌ಆರ್/ಲೋಕಲ್/ಬಿನ್:/ಯುಎಸ್‌ಆರ್/ಬಿನ್:/ಬಿನ್’ ಎಂಬಂತೆ ಕೆಲವು ಫೋಲ್ಡರುಗಳ ವಿಳಾಸಗಳನ್ನು ಸಾಲಾಗಿ ಬರೆದ ಒಂದು ಪಠ್ಯ, ಅಷ್ಟೆ. ಶೆಲ್ ಎಡದಿಂದ ಬಲಕ್ಕೆ ಒಂದೊಂದೇ ಫೋಲ್ಡರನ್ನು ನೋಡುತ್ತ ಹೋಗಿ, ಆ ಹೆಸರಿನ ಮೊದಲ ಪ್ರೋಗ್ರಾಮ್ ಸಿಕ್ಕಲ್ಲಿಗೆ ಹುಡುಕಾಟ ನಿಲ್ಲಿಸುತ್ತದೆ. ಈ ವ್ಯವಸ್ಥೆ ಇಂದಿನ ರೂಪಕ್ಕೆ ಬಂದದ್ದು 1979ರಲ್ಲಿ, ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಏಳನೆಯ ಆವೃತ್ತಿ ಮತ್ತು ಸ್ಟೀಫನ್ ಬೋರ್ನ್ ಬರೆದ ಶೆಲ್ ಜೊತೆಯಲ್ಲಿ. ಯುನಿಕ್ಸ್ ವಿಳಾಸಗಳ ನಡುವೆ ಕೋಲನ್ ಇಟ್ಟಿತು. ವಿಂಡೋಸ್‌ಗಿಂತ ಹಿಂದಿನ ಡಾಸ್‌ನಲ್ಲಿ ಡ್ರೈವಿನ ಅಕ್ಷರದ ಮುಂದೆ ಕೋಲನ್ ಮೊದಲೇ ಕುಳಿತಿದ್ದುದರಿಂದ ಅಲ್ಲಿ ಸೆಮಿಕೋಲನ್ ಬಂತು. ಇಂದಿಗೂ ಒಂದು ವ್ಯವಸ್ಥೆಯ ಸೂಚನೆಯನ್ನು ಇನ್ನೊಂದರಲ್ಲಿ ಹಾಗೆಯೇ ಅಂಟಿಸಿ ಕೆಡಿಸಿಕೊಳ್ಳುವವರಿದ್ದಾರೆ.

ನಿಜವಾದ ಸ್ವಾರಸ್ಯವಿರುವುದು ಈ ಪಾತ್ ಎಲ್ಲಿರುತ್ತದೆ ಎಂಬ ಪ್ರಶ್ನೆಯಲ್ಲಿ. ಇಡೀ ಕಂಪ್ಯೂಟರಿಗೆ ಒಂದೇ ಪಾತ್ ಇದೆ ಎಂದು ಬಹಳಷ್ಟು ಜನ ಭಾವಿಸುತ್ತಾರೆ, ಅದು ತಪ್ಪು. ಪ್ರತಿಯೊಂದು ಪ್ರೊಸೆಸ್ಸಿಗೂ, ಅಂದರೆ ಚಾಲನೆಯಲ್ಲಿರುವ ಪ್ರತಿಯೊಂದು ಪ್ರೋಗ್ರಾಮಿಗೂ, ತನ್ನದೇ ಆದ ಪ್ರತಿಯಿರುತ್ತದೆ, ಮತ್ತು ಸಾಮಾನ್ಯವಾಗಿ ಅದು ಹುಟ್ಟುವ ಕ್ಷಣದಲ್ಲಿ ತನ್ನನ್ನು ಆರಂಭಿಸಿದ ತಾಯಿ ಪ್ರೊಸೆಸ್ಸಿನಿಂದ ನಕಲಾಗಿ ಬರುತ್ತದೆ. ಮಗಳು ಊರು ಬಿಡುವಾಗ ತಾಯಿಯ ವಿಳಾಸ ಪುಸ್ತಕವನ್ನು ನಕಲು ಮಾಡಿಕೊಂಡು ಹೋದಳೆನ್ನೋಣ. ಆಮೇಲೆ ತಾಯಿ ತನ್ನ ಪುಸ್ತಕವನ್ನು ಎಷ್ಟು ತಿದ್ದಿದರೂ ಮಗಳ ಬಳಿ ಹಳೆಯ ವಿಳಾಸವೇ ಉಳಿಯುತ್ತದೆ, ಮಗಳು ತಿದ್ದಿಕೊಂಡದ್ದೂ ತಾಯಿಗೆ ತಿಳಿಯುವುದಿಲ್ಲ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಎಷ್ಟೋ ಒಗಟುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಪಾತ್ ಬದಲಿಸಿದಾಗ ಹಾಗೆಂದು ಒಂದು ಸಂದೇಶ ಹೊರಡುತ್ತದೆ. ವಿಂಡೋಸ್‌ನ ಡೆಸ್ಕ್‌ಟಾಪ್ ನಡೆಸುವ ಎಕ್ಸ್‌ಪ್ಲೋರರ್ ಅದನ್ನು ಕೇಳಿಸಿಕೊಂಡು ತನ್ನ ಪ್ರತಿಯನ್ನು ಹೊಸದಾಗಿಸಿಕೊಳ್ಳುತ್ತದೆ, ಆದ್ದರಿಂದ ಸ್ಟಾರ್ಟ್ ಮೆನುವಿನಿಂದ ತೆರೆದ ಹೊಸ ಟರ್ಮಿನಲ್ ಹೊಸ ಪಾತ್ ಪಡೆಯುತ್ತದೆ. ಆದರೆ ಮೊದಲೇ ತೆರೆದಿದ್ದ ಕೋಡ್ ಎಡಿಟರ್ ಸಾಮಾನ್ಯವಾಗಿ ಆ ಸಂದೇಶದ ಗೋಜಿಗೆ ಹೋಗುವುದಿಲ್ಲ. ಅದರೊಳಗೆ ಎಷ್ಟು ಹೊಸ ಟರ್ಮಿನಲ್ ತೆರೆದರೂ ಎಡಿಟರಿನ ಹಳೆಯ ಪ್ರತಿಯೇ ಅವಕ್ಕೆ ದಕ್ಕುತ್ತದೆ. ಎಡಿಟರನ್ನು ಪೂರ್ತಿ ಮುಚ್ಚಿ ತೆರೆದರೆ ಸಾಕಾಗುತ್ತದೆ. ರೀಸ್ಟಾರ್ಟ್ ಮಾಡಿದಾಗ ಎಲ್ಲ ಪ್ರೊಸೆಸ್ಸುಗಳೂ ಹೊಸದಾಗಿ ಹುಟ್ಟುತ್ತವೆ. ಅದರ ಮಹಿಮೆಯೆಲ್ಲ ಇಷ್ಟೇ.

ಮರಳಿ ಇನ್‌ಸ್ಟಾಲ್ ಮಾಡುವ ಚಟ ಇದಕ್ಕಿಂತ ಹಾನಿಕರ. ಪ್ರತಿ ಬಾರಿಯೂ ಬೇರೆ ಮೂಲದಿಂದ ಇಳಿಸಿಕೊಂಡರೆ ಒಂದೇ ಹೆಸರಿನ ಹಲವು ಪ್ರೋಗ್ರಾಮುಗಳು ಹಲವು ಫೋಲ್ಡರುಗಳಲ್ಲಿ ಸೇರಿಕೊಳ್ಳುತ್ತವೆ, ಸಾಲಿನಲ್ಲಿ ಮೊದಲಿರುವುದೇ ಓಡುತ್ತದೆ. ಆದ್ದರಿಂದ ಏನನ್ನಾದರೂ ಬದಲಿಸುವ ಮುನ್ನ ನೋಡಬೇಕು: ಬ್ಯಾಶ್ ಎಂಬ ಶೆಲ್‌ನಲ್ಲಿ ‘ಟೈಪ್ -ಎ ಪೈಥಾನ್’ ಎಂದರೆ ಪಾತ್‌ನಲ್ಲಿರುವ ಆ ಹೆಸರಿನ ಎಲ್ಲ ಪ್ರೋಗ್ರಾಮುಗಳೂ ಕ್ರಮವಾಗಿ ಕಾಣುತ್ತವೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್’ ಈ ಕೆಲಸ ಮಾಡುತ್ತದೆ. ವಿಂಡೋಸ್‌ನ ಇನ್ನೊಂದು ಶೆಲ್ ಆದ ಪವರ್‌ಶೆಲ್‌ನಲ್ಲಿ ‘ವೇರ್’ ಎಂಬುದು ಬೇರೊಂದು ಕಮಾಂಡಿನ ಅಡ್ಡಹೆಸರಾಗಿರುವುದರಿಂದ ಅಲ್ಲಿ ‘ವೇರ್.ಎಕ್ಸ್‌ಇ’ ಎಂದು ಪೂರ್ತಿ ಬರೆಯಬೇಕು. ವಿಂಡೋಸ್‌ನಲ್ಲಿ ಪೈಥಾನ್ ಎಂದು ಬರೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುವ ವಿಚಿತ್ರವೂ ಹೀಗೆಯೇ ಬಯಲಾಗುತ್ತದೆ: ‘ವಿಂಡೋಸ್‌ಆ್ಯಪ್ಸ್’ ಎಂಬ ಫೋಲ್ಡರಿನಲ್ಲಿ ಅದೇ ಹೆಸರಿನ ಪುಟ್ಟ ಫೈಲೊಂದು ಕಾದಿರುತ್ತದೆ.

ಕಮಾಂಡ್ ವಿಫಲವಾದಾಗ ಶೆಲ್‌ಗೆ ಸಿಗುವ ದೋಷದ ಸಂಖ್ಯೆಯನ್ನೂ ಓದುವ ಅಭ್ಯಾಸ ಒಳ್ಳೆಯದು. ಯುನಿಕ್ಸ್ ಮಾದರಿಯ ಶೆಲ್‌ಗಳಲ್ಲಿ 127 ಎಂದರೆ ಕಮಾಂಡ್ ಸಿಗಲಿಲ್ಲ ಎಂದರ್ಥ. 126 ಎಂದರೆ ಸಿಕ್ಕಿತು, ಆದರೆ ಓಡಿಸಲಾಗಲಿಲ್ಲ, ಅಂದರೆ ನೋಡಬೇಕಾದದ್ದು ಪಾತ್ ಅನ್ನಲ್ಲ, ಫೈಲಿನ ಅನುಮತಿಯನ್ನು. ಇದಲ್ಲದೆ ಬ್ಯಾಶ್ ಒಮ್ಮೆ ಕಂಡ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ಪ್ರೋಗ್ರಾಮನ್ನು ಬೇರೆಡೆಗೆ ಸರಿಸಿದ ಮೇಲೂ ಅದು ಹಳೆಯ ವಿಳಾಸವನ್ನೇ ಹೇಳಿ ಫೈಲ್ ಇಲ್ಲವೆಂದರೆ, ‘ಹ್ಯಾಶ್ -ಆರ್’ ಆ ನೆನಪನ್ನು ಅಳಿಸುತ್ತದೆ.

ತಿದ್ದುವಾಗ ಹಳೆಯ ಪಾತ್ ಅನ್ನು ಉಳಿಸಿಕೊಂಡು ಹೊಸ ಫೋಲ್ಡರನ್ನು ಸೇರಿಸಬೇಕು. ಹಳೆಯದನ್ನು ಮರೆತು ಹೊಸದನ್ನಷ್ಟೇ ಬರೆದರೆ ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಕೂಡ ಸಿಗದಂತಾಗುತ್ತದೆ. ಆಗ ಗಾಬರಿ ಬೇಡ: ಟರ್ಮಿನಲ್ಲಿನಲ್ಲಿ ನೇರವಾಗಿ ಬರೆದಿದ್ದರೆ ಕೆಟ್ಟಿರುವುದು ಆ ಒಂದು ಶೆಲ್‌ನ ಪ್ರತಿ ಮಾತ್ರ, ಮತ್ತೊಂದು ಟರ್ಮಿನಲ್ ತೆರೆದರೆ ಎಲ್ಲವೂ ಮೊದಲಿನಂತೆಯೇ ಇರುತ್ತದೆ, ಬ್ಯಾಶ್ ಆರಂಭದಲ್ಲಿ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಬರೆದಿದ್ದರೆ ಎಡಿಟರಿನ ಪೂರ್ತಿ ವಿಳಾಸ ಕೊಟ್ಟು ಅದನ್ನು ತೆರೆದು ತಿದ್ದಬಹುದು, ಏಕೆಂದರೆ ಹೆಸರಿನಲ್ಲಿ ಓರೆಗೆರೆ ಇದ್ದರೆ ಶೆಲ್ ಪಾತ್ ಅನ್ನು ನೋಡುವುದೇ ಇಲ್ಲ. ಪಾತ್‌ನಂಥ ವೇರಿಯಬಲ್‌ಗಳನ್ನು ಬದಲಿಸುವ ವಿಂಡೋಸ್‌ನ ‘ಸೆಟ್‌ಎಕ್ಸ್’ ಕಮಾಂಡ್ ಮಾತ್ರ ಅಪಾಯಕಾರಿ. ಅದು 1024 ಅಕ್ಷರಗಳ ಆಚೆಗಿನದನ್ನು ಕತ್ತರಿಸಿ ಉಳಿದಷ್ಟನ್ನು ಶಾಶ್ವತವಾಗಿ ಬರೆದುಬಿಡುತ್ತದೆ, ಹಾಗಾಗಿ ಉದ್ದದ ಪಾತ್‌ಗೆ ಅದನ್ನು ಬಳಸಲೇಬಾರದು.

ಶೆಲ್‌ಗೆ ಪ್ರೋಗ್ರಾಮ್ ಸಿಕ್ಕಿದ ಮೇಲೂ ಹುಡುಕಾಟ ಮುಗಿಯುವುದಿಲ್ಲ. ಪೈಥಾನ್ ತನ್ನ ಮಾಡ್ಯೂಲುಗಳಿಗಾಗಿ, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡಿನ ಫೈಲುಗಳಿಗಾಗಿ, ‘ಸಿಸ್.ಪಾತ್’ ಎಂಬ ಬೇರೊಂದು ಪಟ್ಟಿ ಇಟ್ಟುಕೊಂಡಿದೆ, ಅದರಲ್ಲೂ ಮೊದಲು ಸಿಕ್ಕಿದ್ದಕ್ಕೇ ಮನ್ನಣೆ. ಸ್ಕ್ರಿಪ್ಟ್ ಇರುವ ಫೋಲ್ಡರೇ ಸಾಮಾನ್ಯವಾಗಿ ಆ ಪಟ್ಟಿಯ ಮೊದಲ ಸ್ಥಾನದಲ್ಲಿರುವುದರಿಂದ, ಕಲಿಯುವವರು ತಮ್ಮ ಅಭ್ಯಾಸದ ಫೈಲಿಗೆ ‘ರ‍್ಯಾಂಡಮ್.ಪಿವೈ’ ಎಂದು ಹೆಸರಿಟ್ಟರೆ ಪೈಥಾನಿನ ಸ್ವಂತ ರ‍್ಯಾಂಡಮ್ ಮಾಡ್ಯೂಲ್ ಮರೆಯಾಗಿ ಅರ್ಥವಾಗದ ದೋಷಗಳು ಬರುತ್ತವೆ. ಪೈಥಾನ್ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ‘ಪಿಪ್’ ಒಂದು ಪೈಥಾನಿಗೆ, ಓಡುತ್ತಿರುವ ಪೈಥಾನ್ ಇನ್ನೊಂದು ಫೋಲ್ಡರಿಗೆ ಸೇರಿದ್ದಾಗ ಇನ್‌ಸ್ಟಾಲ್ ಆದ ಪ್ಯಾಕೇಜ್ ಕಾಣಿಸದಿರುವುದೂ ಸಹಜವೇ. ‘ಪೈಥಾನ್ -ಎಮ್ ಪಿಪ್’ ಎಂದು ಕರೆದರೆ ಪ್ಯಾಕೇಜ್ ಅದೇ ಪೈಥಾನಿನ ಫೋಲ್ಡರಿನಲ್ಲಿ ಕೂರುತ್ತದೆ.