ಬದಲಿಸುವ ಮೊದಲು ಎಣಿಸಿ: ಎಕ್ಸ್‌ಎಂಎಲ್ ಕಾನ್ಫಿಗ್ ಫೈಲುಗಳ ರಿಪೇರಿ

ಕಮಾಂಡ್ ಲೈನಿನಿಂದ ಎಕ್ಸ್‌ಎಂಎಲ್ ಕಾನ್ಫಿಗ್ (ಸಾಫ್ಟ್‌ವೇರಿನ ಸೆಟ್ಟಿಂಗುಗಳನ್ನು ಟ್ಯಾಗುಗಳಲ್ಲಿ ಬರೆದಿಟ್ಟ ಫೈಲ್) ತಿದ್ದುವಾಗ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಆಗುತ್ತವೆ. ಎರರ್ ಬರುವುದಿಲ್ಲ, ಕಮಾಂಡ್ ಸಲೀಸಾಗಿ ಮುಗಿಯುತ್ತದೆ, ಫೈಲ್ ಮಾತ್ರ ಇದ್ದ ಹಾಗೇ ಇರುತ್ತದೆ. ಇಲ್ಲವೇ ಬೇಡದ ಕಡೆಯೂ ಕೈಯಾಡಿಸಿರುತ್ತದೆ. ಇದು ಬಯಲಾಗುವುದು ಮರುದಿನ ಬೆಳಗ್ಗೆ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ತೂಕಕ್ಕೆ ಬಿದ್ದಾಗ ದಲ್ಲಾಳಿ ಅಂಗಡಿಯ ಬಿಲ್ಲಿಂಗ್ ತೆರೆಯುವುದಿಲ್ಲ, ಅಥವಾ ನರ್ಸಿಂಗ್ ಹೋಮಿನ ರಿಸೆಪ್ಷನ್‌ನಲ್ಲಿ ಒಪಿಡಿ ಚೀಟಿ ಪ್ರಿಂಟಾಗುವುದಿಲ್ಲ. ಹಾಗಾಗಿ ಈ ಅಂಕಣದಲ್ಲಿ ಒತ್ತು ಇರುವುದು ತಿದ್ದುವ ಮೊದಲು ಮತ್ತು ತಿದ್ದಿದ ಮೇಲೆ ಮಾಡಬೇಕಾದ ಕೆಲಸಕ್ಕೆ. ತಿದ್ದುವುದು ಒಂದು ಸಾಲಿನ ಮಾತು.

ಕಮಾಂಡುಗಳನ್ನು ಫೋನಿನಲ್ಲಿ ಹೇಳಿ ಟೈಪ್ ಮಾಡಿಸುವ ಹಾಗೆ ಕನ್ನಡದಲ್ಲೇ ಕೊಟ್ಟಿದೆ. ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರವನ್ನೇ ಒತ್ತಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ.

ಉದಾಹರಣೆಗೆ ಜಾವಾ ವೆಬ್ ಆಪ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರಿನ ಸರ್ವರ್.ಎಕ್ಸ್‌ಎಂಎಲ್ ತೆಗೆದುಕೊಳ್ಳೋಣ. ಪೋರ್ಟ್ 8080 ಇದ್ದದ್ದನ್ನು 9090 ಮಾಡಬೇಕು. ಬಹಳ ಜನ ಕೈ ಹಾಕುವುದು ಸೆಡ್‌ಗೆ, ಅಂದರೆ ಪಠ್ಯವನ್ನು ಸಾಲು ಸಾಲಾಗಿ ಹುಡುಕಿ ಬದಲಿಸುವ ಕಮಾಂಡಿಗೆ. ಟಾಮ್‌ಕ್ಯಾಟ್ ಜೊತೆ ಬರುವ ಮೂಲ ಫೈಲಿನಲ್ಲಿ 8080 ಮೂರು ಕಡೆ ಇದೆ: ವಿವರಣೆಯ ಕಾಮೆಂಟಿನಲ್ಲಿ ಒಮ್ಮೆ, ನಿಜವಾಗಿ ಕೆಲಸ ಮಾಡುವ ಕನೆಕ್ಟರ್‌ನಲ್ಲಿ (ಸರ್ವರ್ ಯಾವ ಪೋರ್ಟಿನಲ್ಲಿ ಕಾಯಬೇಕು ಅಂತ ಹೇಳುವ ಟ್ಯಾಗ್) ಒಮ್ಮೆ, ಕಾಮೆಂಟ್ ಹಾಕಿ ಮುಚ್ಚಿಟ್ಟ ಇನ್ನೊಂದು ಕನೆಕ್ಟರ್‌ನಲ್ಲಿ ಒಮ್ಮೆ. ಸೆಡ್‌ಗೆ ಈ ಮೂರೂ ಒಂದೇ. ಬರೀ 80 ಅಂತ ಹುಡುಕಿಸಿದರಂತೂ ಶಟ್‌ಡೌನ್ ಪೋರ್ಟ್ 8005 ಕೂಡ ಬಲಿ. ಅದಕ್ಕೆ ಹೆದರಿ 'ಕನೆಕ್ಟರ್ ಪೋರ್ಟ್=' ಅಂತ ಉದ್ದಕ್ಕೆ ಹುಡುಕಿಸಿದರೆ ಇನ್ನೊಂದು ತೊಂದರೆ. ಟ್ಯಾಗ್ ಒಂದು ಸಾಲಿನಲ್ಲಿ, ಪೋರ್ಟ್ ಮುಂದಿನ ಸಾಲಿನಲ್ಲಿ ಇದ್ದರೆ ಸೆಡ್‌ಗೆ ಏನೂ ಸಿಗುವುದಿಲ್ಲ, ಆದರೂ ಅದು ಸೊನ್ನೆ ಎಕ್ಸಿಟ್ ಕೋಡ್ (ಎಲ್ಲ ಸರಿ ಎಂಬ ಗುರುತು) ಕೊಟ್ಟು ಹೊರಬರುತ್ತದೆ. ಎಕ್ಸ್‌ಎಂಎಲ್‌ಗೆ ಸಾಲಿನ ಲೆಕ್ಕವಿಲ್ಲ. ಸೆಡ್‌ಗೆ ಸಾಲು ಬಿಟ್ಟು ಬೇರೇನೂ ಗೊತ್ತಿಲ್ಲ.

ಈ ಕೆಲಸಕ್ಕೆ ಎರಡು ಸಾಧನ ಸಾಕು. ಉಬುಂಟು, ಡೆಬಿಯನ್‌ನಲ್ಲಿ 'ಲಿಬ್‌ಎಕ್ಸ್‌ಎಂಎಲ್2-ಯುಟಿಲ್ಸ್' ಪ್ಯಾಕೇಜಿನಲ್ಲಿ ಎಕ್ಸ್‌ಎಂಎಲ್‌ಲಿಂಟ್ ಬರುತ್ತದೆ, 'ಎಕ್ಸ್‌ಎಂಎಲ್‌ಸ್ಟಾರ್ಲೆಟ್' ಅದೇ ಹೆಸರಿನ ಪ್ಯಾಕೇಜ್. ಮೊದಲನೆಯದು ಪರೀಕ್ಷೆಗೆ, ಎರಡನೆಯದು ತಿದ್ದುವುದಕ್ಕೆ. ತಿದ್ದುವ ಮೊದಲು ಎಣಿಸಿ:

ಎಕ್ಸ್‌ಎಂಎಲ್‌ಲಿಂಟ್ --ಎಕ್ಸ್‌ಪಾತ್ 'ಕೌಂಟ್(/ಸರ್ವರ್/ಸರ್ವಿಸ್/ಕನೆಕ್ಟರ್[@ಪೋರ್ಟ್="8080"])' ಸರ್ವರ್.ಎಕ್ಸ್‌ಎಂಎಲ್

ಸರ್ವರ್, ಸರ್ವಿಸ್, ಕನೆಕ್ಟರ್ ಮೂರಕ್ಕೂ ಮೊದಲಕ್ಷರ ದೊಡ್ಡದು, ಪೋರ್ಟ್ ಮತ್ತು ಕೊನೆಯ ಫೈಲ್ ಹೆಸರು ಪೂರ್ತಿ ಸಣ್ಣದು. ಎಕ್ಸ್‌ಎಂಎಲ್‌ನಲ್ಲಿ ಇದು ತಪ್ಪಿದರೆ ಸಿಗುವುದಿಲ್ಲ. ಹೊರಗಿನ ಒಂಟಿ ಉದ್ಧರಣ ಚಿಹ್ನೆ ಶೆಲ್‌ಗಾಗಿ (ನಿಮ್ಮ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ), ಒಳಗಿನ ಜೋಡಿ ಎಕ್ಸ್‌ಪಾತ್‌ಗಾಗಿ (ಟ್ಯಾಗಿಗೆ ಹೋಗುವ ದಾರಿ ಬರೆಯುವ ಭಾಷೆ). ಉತ್ತರ 1 ಬಂದರೆ ಮುಂದಕ್ಕೆ ಹೋಗಿ. 0 ಬಂದರೆ ದಾರಿ ತಪ್ಪಿದೆ, 2 ಬಂದರೆ ಎರಡು ಸರ್ವಿಸ್ ಇರಬಹುದು, ಯಾವುದು ನಿಮ್ಮದು ಅಂತ ನೋಡಿ. ಕಾಮೆಂಟಿನೊಳಗೆ ಮುಚ್ಚಿಟ್ಟ ಕನೆಕ್ಟರ್ ಈ ಎಣಿಕೆಗೆ ಬರುವುದಿಲ್ಲ, ಯಾಕೆಂದರೆ ಎಕ್ಸ್‌ಎಂಎಲ್ ಓದಿ ಬಿಡಿಸುವ ಪಾರ್ಸರ್ ಕಣ್ಣಿಗೆ ಅದು ಬರೀ ಟಿಪ್ಪಣಿ.

ಆಮೇಲೆ ತಿದ್ದುವುದು:

ಎಕ್ಸ್‌ಎಂಎಲ್‌ಸ್ಟಾರ್ಲೆಟ್ ಇಡಿ -ಪಿ -ಎಲ್ -ಯು '/ಸರ್ವರ್/ಸರ್ವಿಸ್/ಕನೆಕ್ಟರ್[@ಪೋರ್ಟ್="8080"]/@ಪೋರ್ಟ್' -ವಿ 9090 ಸರ್ವರ್.ಎಕ್ಸ್‌ಎಂಎಲ್

ಪಿ ಮತ್ತು ಎಲ್ ದೊಡ್ಡಕ್ಷರ, ಯು ಮತ್ತು ವಿ ಸಣ್ಣಕ್ಷರ. ಎಲ್ ಅಂದರೆ ಅದೇ ಫೈಲಿಗೆ ಬರೆ, ಪಿ ಅಂದರೆ ಇದ್ದ ಇಂಡೆಂಟ್ ಕೆಡಿಸಬೇಡ. ಈ ಎರಡೂ 'ಯು'ಗಿಂತ ಮುಂಚೆ ಬರಬೇಕು. ಎಲ್ ಬಿಟ್ಟು, ಫಲಿತಾಂಶವನ್ನು > ಚಿಹ್ನೆಯಿಂದ ಅದೇ ಫೈಲಿಗೆ ತಿರುಗಿಸಬೇಡಿ. ಕಮಾಂಡ್ ಓದಲು ಶುರು ಮಾಡುವ ಮೊದಲೇ ಶೆಲ್ ಆ ಫೈಲನ್ನು ಖಾಲಿ ಮಾಡಿರುತ್ತದೆ.

ಪಿ ಹಾಕಿದರೂ ಒಂದು ಉಳಿಯುವುದಿಲ್ಲ. ಒಂದೇ ಟ್ಯಾಗಿನ ಆಟ್ರಿಬ್ಯೂಟುಗಳನ್ನು ('ಪೋರ್ಟ್=' ಥರದವು) ಮೂರು ನಾಲ್ಕು ಸಾಲಿಗೆ ಜೋಡಿಸಿ ಬರೆದಿದ್ದರೆ ಅವೆಲ್ಲ ಒಂದೇ ಸಾಲಿಗೆ ಬರುತ್ತವೆ. ಅರ್ಥ ಬದಲಾಗಿಲ್ಲ, ನೋಟ ಬದಲಾಗಿದೆ. ಕಾನ್ಫಿಗ್ ಗಿಟ್‌ನಲ್ಲಿದ್ದರೆ (ಫೈಲಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ) ಏನನ್ನೂ ಬದಲಿಸದೆ ಒಮ್ಮೆ ಓಡಿಸಿ ಆ ರೂಪವನ್ನು ಮೊದಲು ಕಮಿಟ್ ಮಾಡಿ, ಪೋರ್ಟ್ ಬದಲಾವಣೆಯನ್ನು ಬೇರೆ ಕಮಿಟ್ ಮಾಡಿ. ಇಲ್ಲದಿದ್ದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ ಅಸಲು ಬದಲಾವಣೆ ಹುಡುಕುವಷ್ಟರಲ್ಲಿ ಸಾಕಾಗುತ್ತದೆ.

ಟಾಮ್‌ಕ್ಯಾಟ್‌ನಲ್ಲಿ ಕ್ರಮವೂ ಮುಖ್ಯ: ಮೊದಲು ನಿಲ್ಲಿಸಿ, ಆಮೇಲೆ ತಿದ್ದಿ. ಶಟ್‌ಡೌನ್ ಸ್ಕ್ರಿಪ್ಟ್ ಸರ್ವರನ್ನು ನಿಲ್ಲಿಸಲು ಯಾವ ಪೋರ್ಟಿಗೆ ಹೋಗಬೇಕು ಅನ್ನುವುದನ್ನು ಇದೇ ಸರ್ವರ್.ಎಕ್ಸ್‌ಎಂಎಲ್ ಓದಿ ತಿಳಿಯುತ್ತದೆ. ಸರ್ವರ್ ಓಡುತ್ತಿರುವಾಗ 8005 ಅನ್ನು 8105 ಮಾಡಿದರೆ ಸ್ಕ್ರಿಪ್ಟ್ ಹೋಗಿ 8105ರ ಬಾಗಿಲು ತಟ್ಟುತ್ತದೆ, ಓಡುತ್ತಿರುವುದು ಇನ್ನೂ 8005ರಲ್ಲಿ ಕಾಯುತ್ತಿರುತ್ತದೆ. 'ಕನೆಕ್ಷನ್ ರೆಫ್ಯೂಸ್ಡ್' ಬರುತ್ತದೆ. ಫೈಲ್ ಮುರಿದಿದ್ದರೂ ನಿಲ್ಲಿಸಲಾಗದ ಇದೇ ಪರಿಸ್ಥಿತಿ. ನಿಲ್ಲಿಸಿ ತಿದ್ದಿದ ಮೇಲೆ, ಮತ್ತೆ ಎಬ್ಬಿಸುವ ಮೊದಲು, 'ಕ್ಯಾಟಲೀನಾ.ಎಸ್‌ಎಚ್ ಕಾನ್ಫಿಗ್‌ಟೆಸ್ಟ್' ಓಡಿಸಿ. ಟ್ಯಾಗ್ ಸರಿಯಿದ್ದೂ ಸರ್ವರ್ ಒಪ್ಪದಿರುವ ತಪ್ಪುಗಳು ಅಲ್ಲಿ ಸಿಗುತ್ತವೆ.

ಬ್ಯಾಕಪ್ ತೆಗೆಯುವಾಗ 'ಸಿಪಿ -ಪಿ' ಬಳಸಿ, ಪರ್ಮಿಷನ್ ಮತ್ತು ಸಮಯ ಉಳಿಯುತ್ತವೆ. ಇಲ್ಲಿ ಪಿ ಸಣ್ಣಕ್ಷರ. ಹೆಸರಿನ ವಿಚಾರದಲ್ಲಿ ಎಚ್ಚರ ಬೇಕು. ಕಾನ್ಫ್ ಫೋಲ್ಡರಿನೊಳಗಿನ ಕ್ಯಾಟಲೀನಾ/ಲೋಕಲ್‌ಹೋಸ್ಟ್‌ನಲ್ಲಿ ಇರುವ ಪ್ರತಿ .ಎಕ್ಸ್‌ಎಂಎಲ್ ಫೈಲನ್ನೂ ಟಾಮ್‌ಕ್ಯಾಟ್ ಒಂದೊಂದು ಆಪ್ ಅಂತ ಎಬ್ಬಿಸುತ್ತದೆ. ಅಲ್ಲಿ 'ಬಿಲ್ಲಿಂಗ್-ಹಳೇದು.ಎಕ್ಸ್‌ಎಂಎಲ್' ಅಂತ ಬ್ಯಾಕಪ್ ಇಟ್ಟರೆ ಅದೇ ಡೇಟಾಬೇಸಿಗೆ ಎರಡನೇ ಆಪ್ ಎದ್ದು ಕೂರುತ್ತದೆ. ಹೆಸರಿನ ಕೊನೆಗೆ .ಬ್ಯಾಕ್ ಸೇರಿಸಿ, ಅಥವಾ ಬೇರೆ ಫೋಲ್ಡರಿನಲ್ಲಿಡಿ.

ಇನ್ನು & ಚಿಹ್ನೆ. ಡೇಟಾಬೇಸ್ ವಿಳಾಸದಲ್ಲಿ ಒಂದಕ್ಕಿಂತ ಹೆಚ್ಚು ಆಯ್ಕೆ ಇದ್ದಾಗ, ಅಂದರೆ ಎಸ್‌ಎಸ್‌ಎಲ್ ಬೇಡ ಅನ್ನುವುದು ಒಂದು, ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಅನ್ನುವುದು ಇನ್ನೊಂದು, ನಡುವೆ & ಬರುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಅದನ್ನು ಬೆತ್ತಲೆಯಾಗಿ ಬಿಡುವಂತಿಲ್ಲ, '&ಎಎಂಪಿ;' ಅಂತ ಬರೆಯಬೇಕು. ಬಿಟ್ಟರೆ ಎಕ್ಸ್‌ಎಂಎಲ್‌ಲಿಂಟ್ ';' ಎಲ್ಲಿ ಅಂತ ಕೇಳುತ್ತದೆ. ಇದನ್ನು ಸೆಡ್‌ನಿಂದ ಸರಿ ಮಾಡಹೊರಟರೆ ಮತ್ತೊಂದು ಗುಂಡಿ: ಸೆಡ್‌ನ ಬದಲಿ ಪಠ್ಯದಲ್ಲಿ & ಅಂದರೆ 'ಸಿಕ್ಕ ಪಠ್ಯ ಪೂರ್ತಿ' ಅಂತ ಅರ್ಥ. ಅದಕ್ಕಿಂತ ಮೊದಲು \ ಹಾಕದಿದ್ದರೆ ಹಳೆಯ ಪಠ್ಯವೇ ನಡುವೆ ತೂರಿಕೊಳ್ಳುತ್ತದೆ. ಯಾವ ಸಾಧನ ಬಳಸಿದರೂ & ಇರುವ ಸಾಲನ್ನು ಬರೆದಾದ ಮೇಲೆ ಕಣ್ಣಾರೆ ನೋಡಿ, '&ಎಎಂಪಿ;ಎಎಂಪಿ;' ಆಗಿರುವುದೂ ಉಂಟು.

ಕಾಮೆಂಟ್ ಹಾಕಿ ಒಂದು ಭಾಗವನ್ನು ತಾತ್ಕಾಲಿಕವಾಗಿ ಮುಚ್ಚುವುದು ಎಲ್ಲರ ಅಭ್ಯಾಸ. ಆ ಭಾಗದೊಳಗೆ ಆಗಲೇ ಒಂದು ಕಾಮೆಂಟ್ ಇದ್ದರೆ ಫೈಲ್ ಮುರಿಯುತ್ತದೆ: ಕಾಮೆಂಟಿನೊಳಗೆ ಕಾಮೆಂಟ್ ಇಲ್ಲ, ಎರಡು ಅಡ್ಡಗೆರೆ ಜೋಡಿಯಾಗಿ ಬರುವಂತೆಯೂ ಇಲ್ಲ.

ಎಣಿಕೆ 0 ಬಂದು ತಲೆ ಕೆಡಿಸುವ ಅತಿ ಸಾಮಾನ್ಯ ಕಾರಣ ನೇಮ್‌ಸ್ಪೇಸ್. ರಿಸೆಪ್ಷನ್‌ನವರು ಪದೇ ಪದೇ ಲಾಗಿನ್ ಆಗಬೇಕಾಗುತ್ತದೆ ಅನ್ನುತ್ತಾರೆ, ಸೆಷನ್ ಟೈಮೌಟ್ ಹೆಚ್ಚಿಸಬೇಕು. ಟಾಮ್‌ಕ್ಯಾಟ್‌ನ ವೆಬ್.ಎಕ್ಸ್‌ಎಂಎಲ್‌ನಲ್ಲಿ ಅದು 30 ನಿಮಿಷ ಅಂತ ಕಣ್ಣೆದುರಿಗೇ ಇದೆ. ಆದರೆ '/ವೆಬ್-ಆಪ್/ಸೆಷನ್-ಕಾನ್ಫಿಗ್/ಸೆಷನ್-ಟೈಮೌಟ್' ಅಂತ ಎಣಿಸಿದರೆ ಸೊನ್ನೆ. ಮೇಲಿನ ಟ್ಯಾಗಿನಲ್ಲಿ 'ಎಕ್ಸ್‌ಎಂಎಲ್‌ಎನ್‌ಎಸ್=' ಅಂತ ಒಂದು ವಿಳಾಸ ಇದ್ದರೆ ಒಳಗಿನ ಟ್ಯಾಗುಗಳೆಲ್ಲ ಅದರ ಮನೆತನಕ್ಕೆ ಸೇರುತ್ತವೆ. ಬರೀ ಹೆಸರು ಕೂಗಿದರೆ ಓಗೊಡುವುದಿಲ್ಲ. ಎಕ್ಸ್‌ಎಂಎಲ್‌ಸ್ಟಾರ್ಲೆಟ್‌ಗೆ ದೊಡ್ಡಕ್ಷರದ -ಎನ್ ಕೊಟ್ಟು ಆ ವಿಳಾಸಕ್ಕೊಂದು ಪುಟ್ಟ ಹೆಸರಿಡಿ, 'ಡಬ್ಲ್ಯೂ' ಅಂತಿರಲಿ. ಆಮೇಲೆ ಪ್ರತಿ ಹೆಜ್ಜೆಗೂ 'ಡಬ್ಲ್ಯೂ:' ಸೇರಿಸಿ. ಟಾಮ್‌ಕ್ಯಾಟ್ 9ರಿಂದ 10ಕ್ಕೆ ಬಂದಾಗ ಈ ವಿಳಾಸವೇ ಜಾವಾ ಇಇಯಿಂದ ಜಕಾರ್ತಾ ಇಇಗೆ ಬದಲಾಯಿತು. ಹಳೆಯ ಸ್ಕ್ರಿಪ್ಟ್ ಹೊಸ ಸರ್ವರಿನಲ್ಲಿ ಓಡುತ್ತದೆ, ಮುಗಿಯುತ್ತದೆ, ಏನೂ ಮಾಡಿರುವುದಿಲ್ಲ. ಎಕ್ಸ್‌ಎಂಎಲ್‌ಸ್ಟಾರ್ಲೆಟ್ ಕೂಡ ಏನೂ ಸಿಗದಿದ್ದರೆ ದೂರುವುದಿಲ್ಲ. ಎಣಿಸಿ ಅಂತ ಇಷ್ಟು ಹಟ ಮಾಡುವುದು ಇದಕ್ಕೇ.

ಕನ್ನಡ ಅಕ್ಷರದ ಪಾಡು ಬೇರೆ. ರಸೀದಿಯ ತಲೆಬರಹಕ್ಕೆ ಅಂಗಡಿಯ ಹೆಸರನ್ನು ಕಾನ್ಫಿಗ್‌ನಲ್ಲಿ ಕನ್ನಡದಲ್ಲೇ ಬರೆದಿರುತ್ತಾರೆ. ಫೈಲಿನ ಮೊದಲ ಸಾಲಿನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಪದ್ಧತಿ) ನಮೂದಿಲ್ಲದಿದ್ದರೆ ಈ ಸಾಧನಗಳು ಬರೆಯುವಾಗ ಕನ್ನಡವನ್ನು ಸಂಖ್ಯೆಗೆ ಇಳಿಸುತ್ತವೆ. 'ಕ' ಇದ್ದಲ್ಲಿ '&#' ಜೊತೆಗೆ ಅದರ ಯೂನಿಕೋಡ್ ಸಂಖ್ಯೆ ಬಂದು ಕೂರುತ್ತದೆ. ಸಾಫ್ಟ್‌ವೇರ್ ಅದನ್ನು ಸರಿಯಾಗೇ ಓದುತ್ತದೆ, ಮುಂದೆ ತಿದ್ದಬೇಕಾದ ಮನುಷ್ಯನಿಗೆ ಓದಲಾಗದು. ಮೊದಲ ಸಾಲಿನಲ್ಲಿ ಯುಟಿಎಫ್-8 ಅಂತ ಬರೆದರೆ ಕನ್ನಡ ಕನ್ನಡವಾಗೇ ಉಳಿಯುತ್ತದೆ. ಆ ಸಾಲಿನ ಮುಂಚೆ ಒಂದು ಖಾಲಿ ಜಾಗವೂ ಇರಬಾರದು. ಇನ್ನು ನುಡಿ ತಂತ್ರಾಂಶದ ಹಳೆಯ ಆನ್ಸಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿ, ಫೈಲನ್ನು ಆನ್ಸಿಯಾಗಿಯೇ ಸೇವ್ ಮಾಡಿದರೆ 'ಇದು ಸರಿಯಾದ ಯುಟಿಎಫ್-8 ಅಲ್ಲ' ಎಂಬ ಎರರ್ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅಂಟಿಸಿ.

ಮಂಡಿಪೇಟೆಯ ಅಂಗಡಿಗಳಲ್ಲಾಗಲಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಾಗಲಿ ಮೇಜಿನ ಮೇಲಿರುವುದು ಹೆಚ್ಚಾಗಿ ವಿಂಡೋಸ್. ಅಲ್ಲಿ ವಿಂಡೋಸಿನದೇ ಕಮಾಂಡ್ ಲೈನ್ ಆದ ಪವರ್‌ಶೆಲ್ ಸಾಕು. ಆದರೆ ವಿಂಡೋಸ್ ಜೊತೆ ಬರುವ 5.1ರಲ್ಲಿ ಗೆಟ್-ಕಂಟೆಂಟ್‌ನಿಂದ ಓದಿದರೆ, ಬಾಮ್ (ಫೈಲಿನ ಆರಂಭದಲ್ಲಿ ಇಡುವ ಎನ್‌ಕೋಡಿಂಗ್ ಗುರುತು) ಇಲ್ಲದ ಯುಟಿಎಫ್-8 ಫೈಲನ್ನು ಅದು ಆನ್ಸಿ ಅಂತಲೇ ತಿಳಿಯುತ್ತದೆ, ಕನ್ನಡ ಕಲಸುಮೇಲೋಗರವಾಗುತ್ತದೆ. ಎಕ್ಸ್‌ಎಂಎಲ್‌ಡಾಕ್ಯುಮೆಂಟ್ ವಸ್ತು ಮಾಡಿ, ಪ್ರಿಸರ್ವ್‌ವೈಟ್‌ಸ್ಪೇಸ್ ಅನ್ನು ಟ್ರೂ ಮಾಡಿ, ಅದರದೇ ಲೋಡ್‌ನಿಂದ ಓದಿ. ಸೇವ್ ಮಾಡುವಾಗ ಡ್ರೈವ್ ಅಕ್ಷರದಿಂದ ಹಿಡಿದು ಪೂರ್ತಿ ದಾರಿ ಕೊಡಿ. ಬರೀ ಫೈಲಿನ ಹೆಸರು ಕೊಟ್ಟರೆ ನೀವು ನಿಂತಿರುವ ಫೋಲ್ಡರಿಗಲ್ಲ, ಪವರ್‌ಶೆಲ್ ಪ್ರೋಗ್ರಾಂ ಶುರುವಾದ ಫೋಲ್ಡರಿಗೆ ಹೋಗಿ ಬೀಳುತ್ತದೆ. ಇಲ್ಲಿ & ಅನ್ನು ಹಾಗೇ ಕೊಡಿ, ಬದಲಿಸಿ ಬರೆಯುವುದು ಅದರ ಕೆಲಸ.

ಕಾಲೇಜಿನಿಂದ ಹೊಸದಾಗಿ ಬಂದವರು ಪೈಥಾನ್ ಹಿಡಿಯುತ್ತಾರೆ, ತಪ್ಪೇನಿಲ್ಲ. ಆದರೆ ಅದರ ಎಕ್ಸ್‌ಎಂಎಲ್ ಲೈಬ್ರರಿಯಾದ ಎಲಿಮೆಂಟ್‌ಟ್ರೀಯಿಂದ ಸುಮ್ಮನೆ ಓದಿ ಬರೆದರೆ ಕಾಮೆಂಟುಗಳೆಲ್ಲ ಮಾಯ, ನೇಮ್‌ಸ್ಪೇಸಿನ ಹೆಸರು 'ಎನ್‌ಎಸ್0' ಆಗಿ ನಿಂತಿರುತ್ತದೆ. ಕಾನ್ಫಿಗ್ ಫೈಲಿನಲ್ಲಿ ಅರ್ಧ ಜ್ಞಾನ ಇರುವುದು ಕಾಮೆಂಟಿನಲ್ಲಿ.

ಸೆಡ್ ಅನ್ನು ಇಷ್ಟು ಬೈದಿದ್ದಾಯಿತು, ಅದೇ ಬೇಕಾಗುವ ಜಾಗವೂ ಒಂದಿದೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಿಂದ ತೆಗೆದ ಎಕ್ಸ್‌ಎಂಎಲ್‌ನಲ್ಲಿ 'ಪ್ರೈಮರಿ' ಗುಂಪಿನ ಹೆಸರಿಗಿಂತ ಮೊದಲು '&#4;' ಇರುತ್ತದೆ. ಎಕ್ಸ್‌ಎಂಎಲ್ 1.0ರಲ್ಲಿ 32ಕ್ಕಿಂತ ಕೆಳಗಿನ ಅಕ್ಷರಗಳಲ್ಲಿ 9, 10, 13 ಈ ಮೂರಕ್ಕೆ ಮಾತ್ರ ಜಾಗ. ಹಾಗಾಗಿ ಎಕ್ಸ್‌ಎಂಎಲ್‌ಲಿಂಟ್, ಎಕ್ಸ್‌ಎಂಎಲ್‌ಸ್ಟಾರ್ಲೆಟ್ ಎರಡೂ ಈ ಫೈಲನ್ನು ಒಪ್ಪುವುದಿಲ್ಲ. ಪಾರ್ಸರ್ ತೆರೆಯದ ಫೈಲನ್ನು ಪಠ್ಯವಾಗೇ ತಿದ್ದಬೇಕು. ಲೆಕ್ಕ ಓದಲು ಬಳಸುವ ನಕಲಿನಲ್ಲಿ ಮಾತ್ರ '&#4;' ಅಳಿಸಿ, ಮೂಲವನ್ನು ಮುಟ್ಟಬೇಡಿ. ಸೆಡ್‌ಗೆ ಅದು ಸಿಗಲೇ ಇಲ್ಲ ಅಂದರೆ 'ಫೈಲ್' ಕಮಾಂಡಿನಿಂದ ನೋಡಿ: ಯುಟಿಎಫ್-16 ಆಗಿದ್ದರೆ ಮೊದಲು ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಕಮಾಂಡಿನಿಂದ ಯುಟಿಎಫ್-8 ಮಾಡಿಕೊಳ್ಳಬೇಕು.

ಒಂದೇ ಮಷಿನ್, ಒಂದೇ ಸಲದ ಕೆಲಸ ಆದರೆ ಇಷ್ಟೆಲ್ಲ ಬೇಡ. ಬ್ಯಾಕಪ್ ತೆಗೆದು, ವಿಐ ಎಡಿಟರಿನಲ್ಲಿ ತಿದ್ದಿ, 'ಎಕ್ಸ್‌ಎಂಎಲ್‌ಲಿಂಟ್ --ನೋಔಟ್' ಓಡಿಸಿ. ಏನೂ ಹೇಳದೆ ಮುಗಿದರೆ ಟ್ಯಾಗುಗಳೆಲ್ಲ ಸರಿಯಾಗಿವೆ. ಕಾಲೇಜು ಲ್ಯಾಬಿನ ಮಷಿನ್‌ಗಳಿಗೆಲ್ಲ ಒಟ್ಟಿಗೆ ಎಸ್‌ಎಸ್‌ಎಚ್‌ನಿಂದ (ದೂರದ ಮಷಿನ್‌ಗೆ ಲಾಗಿನ್ ಆಗುವ ಸಾಧನ) ಹೋಗುವ ಸ್ಕ್ರಿಪ್ಟ್ ಆದರೆ ಹೀಗೆ ಕಟ್ಟಿ: ಎಣಿಕೆ 1 ಅಲ್ಲದಿದ್ದರೆ ಆ ಮಷಿನ್‌ನ ಹೆಸರು ಬರೆದು ಮುಟ್ಟದೆ ಮುಂದಕ್ಕೆ ಹೋಗಲಿ. 1 ಇದ್ದರೆ ಬ್ಯಾಕಪ್, ತಿದ್ದುಪಡಿ, ನೋಔಟ್ ಪರೀಕ್ಷೆ. ಪರೀಕ್ಷೆ ಸೋತರೆ ಬ್ಯಾಕಪ್ಪನ್ನು ವಾಪಸ್ ಹಾಕಿ ಅದರ ಹೆಸರನ್ನೂ ಬರೆಯಲಿ. ಕೊನೆಗೆ ಹೊಸ ಪೋರ್ಟ್ ಸಂಖ್ಯೆಯನ್ನು ಹಾಕಿ ಮತ್ತೆ ಎಣಿಸಲಿ: 9090 ಇರುವ ಕನೆಕ್ಟರ್ 1, 8080 ಇರುವುದು 0. ಹೆಸರು ಬರೆಸಿಕೊಂಡ ಮಷಿನ್‌ಗಳ ಹತ್ತಿರ ಒಬ್ಬರು ಖುದ್ದು ಹೋಗಿ ನೋಡಬೇಕು.