ಹಲವು ದೇಶಗಳ ಒಕ್ಕೂಟಕ್ಕೆ ನಾಯಕರು ಯಾರಾಗಬೇಕು? ಐರೋಪ್ಯ ಒಕ್ಕೂಟವನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ಬೆಳಗಾವಿಯ ನಮ್ಮ ಅಧ್ಯಯನ ಗುಂಪಿನಲ್ಲಿ ಕೆಎಎಸ್‌ಗೆ ಓದುವವರಿದ್ದಾರೆ, ಯುಪಿಎಸ್‌ಸಿಗೆ ಓದುವವರಿದ್ದಾರೆ, ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿಗಳೂ ಇದ್ದಾರೆ. ಐರೋಪ್ಯ ಒಕ್ಕೂಟದ ಸಂಸ್ಥೆಗಳ ಹೆಸರು, ಅಧಿಕಾರಾವಧಿ, ಸದಸ್ಯರ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಆದರೆ ಇಷ್ಟೊಂದು ದೇಶಗಳನ್ನು ಯಾರು ಮುನ್ನಡೆಸಬೇಕು, ಅವರೇ ಏಕೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಮುಖ್ಯ ಪರೀಕ್ಷೆಯಲ್ಲಿ ಅಂಕ ತಂದುಕೊಡುವುದು ಈ ‘ಏಕೆ’ಯೇ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಊರಿನವರಾದ ನಮಗೆ ಈ ಪ್ರಶ್ನೆ ದೂರದ್ದೂ ಅಲ್ಲ. ಅದಕ್ಕಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಹುದ್ದೆಗಳು ಯಾವುವು, ಯಾರ ಕೈಯಲ್ಲಿ ಏನಿದೆ

ಒಕ್ಕೂಟದಲ್ಲಿ 27 ದೇಶಗಳು, 24 ಅಧಿಕೃತ ಭಾಷೆಗಳು ಇವೆ. ಬ್ರಸೆಲ್ಸ್‌ನ ಐರೋಪ್ಯ ಆಯೋಗ ದಿನನಿತ್ಯದ ಆಡಳಿತ ನೋಡಿಕೊಳ್ಳುತ್ತದೆ. ಹೊಸ ಕಾನೂನಿನ ಕರಡನ್ನು ಮುಂದಿಡುವ ಅಧಿಕಾರ ಬಹುತೇಕ ಅದರದ್ದೇ. ಜರ್ಮನಿಯ ಉರ್ಸುಲಾ ವಾನ್ ಡೆರ್ ಲೆಯೆನ್ 2019ರ ಡಿಸೆಂಬರ್‌ನಲ್ಲಿ ಅದರ ಅಧ್ಯಕ್ಷೆಯಾದರು, 2024ರಲ್ಲಿ ಮತ್ತೆ ಆಯ್ಕೆಯಾದರು. ಸದಸ್ಯ ದೇಶಗಳ ಪ್ರಧಾನಿಗಳು ಮತ್ತು ರಾಷ್ಟ್ರಾಧ್ಯಕ್ಷರು ಒಟ್ಟಿಗೆ ಕೂರುವ ಸಭೆ ಯುರೋಪಿಯನ್ ಕೌನ್ಸಿಲ್. ಇದಕ್ಕೆ ಪ್ರತ್ಯೇಕ ಅಧ್ಯಕ್ಷರಿದ್ದಾರೆ. ಅವಧಿ ಎರಡೂವರೆ ವರ್ಷ, ಒಮ್ಮೆ ಮಾತ್ರ ಮರು ಆಯ್ಕೆಗೆ ಅವಕಾಶ. ಪೋರ್ಚುಗಲ್‌ನ ಮಾಜಿ ಪ್ರಧಾನಿ ಅಂಟೋನಿಯೊ ಕೋಸ್ಟಾ 2024ರ ಡಿಸೆಂಬರ್ 1ರಂದು ಈ ಹುದ್ದೆಗೆ ಬಂದರು. ಅವರ ತಂದೆಯ ಮನೆತನ ಗೋವಾದ ಮಡಗಾಂವ್‌ನದು, ಅಂದರೆ ನಮ್ಮ ಚೋರ್ಲಾ ಘಾಟ್ ಇಳಿದರೆ ಸಿಗುವ ಸೀಮೆ. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರವಾಸಿ ಭಾರತೀಯ ದಿವಸಕ್ಕೆ ಅವರೇ ಮುಖ್ಯ ಅತಿಥಿಯಾಗಿದ್ದರು.

ಜನರಿಂದ ನೇರವಾಗಿ ಆಯ್ಕೆಯಾಗುವ ಸಂಸತ್ತಿನಲ್ಲಿ 720 ಸ್ಥಾನಗಳಿವೆ, ಅದಕ್ಕೂ ಅಧ್ಯಕ್ಷರಿದ್ದಾರೆ. ಇವಲ್ಲದೆ ಸದಸ್ಯ ದೇಶಗಳ ಸಚಿವರು ಸೇರುವ ಸಚಿವರ ಮಂಡಳಿಯ ಅಧ್ಯಕ್ಷತೆ ಆರು ತಿಂಗಳಿಗೊಮ್ಮೆ ದೇಶದಿಂದ ದೇಶಕ್ಕೆ ಸರದಿಯ ಮೇಲೆ ಹೋಗುತ್ತದೆ. ಬಹುಆಯ್ಕೆ ಪ್ರಶ್ನೆಗಳಲ್ಲಿ ಎಡವಿಸುವ ಒಂದು ಸಂಗತಿಯನ್ನು ಇಲ್ಲೇ ಗುರುತು ಮಾಡಿಕೊಳ್ಳಿ: ಸ್ಟ್ರಾಸ್‌ಬರ್ಗ್‌ನಲ್ಲಿರುವ ಕೌನ್ಸಿಲ್ ಆಫ್ ಯುರೋಪ್ 46 ದೇಶಗಳ ಬೇರೆಯೇ ಸಂಸ್ಥೆ, ಅದಕ್ಕೂ ಐರೋಪ್ಯ ಒಕ್ಕೂಟಕ್ಕೂ ಆಡಳಿತದ ನಂಟಿಲ್ಲ.

ಹೀಗೆ ಮೇಲ್ಮಟ್ಟದ ಕುರ್ಚಿಗಳು ಹಲವು ಇರುವುದರ ಪರಿಣಾಮ ಏನು ಎಂಬುದನ್ನು ಎರಡು ಘಟನೆಗಳಲ್ಲಿ ನೋಡಬಹುದು. 2012ರಲ್ಲಿ ಒಕ್ಕೂಟಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅದನ್ನು ಸ್ವೀಕರಿಸಲು ಓಸ್ಲೊಗೆ ಮೂವರು ಹೋದರು: ಯುರೋಪಿಯನ್ ಕೌನ್ಸಿಲ್‌ನ ಹರ್ಮನ್ ವಾನ್ ರಾಂಪಾಯ್, ಆಯೋಗದ ಜೋಸೆ ಮ್ಯಾನುಯೆಲ್ ಬರೋಸೊ, ಸಂಸತ್ತಿನ ಮಾರ್ಟಿನ್ ಶುಲ್ಜ್. ಎರಡನೆಯದು 2021ರ ಏಪ್ರಿಲ್‌ನಲ್ಲಿ ಅಂಕಾರಾದಲ್ಲಿ ನಡೆದದ್ದು. ಟರ್ಕಿಯ ಅಧ್ಯಕ್ಷ ಎರ್ಡೊಗಾನ್ ಅವರ ಸಭಾಕೋಣೆಯಲ್ಲಿ ಧ್ವಜಗಳ ಮುಂದೆ ಇದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಎರ್ಡೊಗಾನ್ ಕುಳಿತರು, ಇನ್ನೊಂದರಲ್ಲಿ ಆಗಿನ ಕೌನ್ಸಿಲ್ ಅಧ್ಯಕ್ಷ ಚಾರ್ಲ್ಸ್ ಮಿಷೆಲ್ ಕುಳಿತರು. ವಾನ್ ಡೆರ್ ಲೆಯೆನ್ ನಿಂತೇ ಇದ್ದರು, ಕೈಯೆತ್ತಿ ತಾವೆಲ್ಲಿ ಕೂರಬೇಕು ಎಂಬಂತೆ ಸನ್ನೆ ಮಾಡಿದರು. ಕೊನೆಗೆ ಪಕ್ಕದ ಸೋಫಾದಲ್ಲಿ, ಟರ್ಕಿಯ ವಿದೇಶಾಂಗ ಸಚಿವರ ಎದುರು ಕುಳಿತರು. ತಾನು ಹೆಣ್ಣಾದ್ದರಿಂದ ಹೀಗಾಯಿತು ಎಂದು ಅವರು ಮುಂದೆ ಸಂಸತ್ತಿನಲ್ಲಿಯೇ ನೋವಿನಿಂದ ಹೇಳಿದರು. ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದರ ಜೊತೆಗೆ, ಒಕ್ಕೂಟದ ಪರವಾಗಿ ಮೊದಲ ಕುರ್ಚಿ ಯಾರದು ಎಂದು ಒಕ್ಕೂಟವೇ ಖಚಿತವಾಗಿ ತೀರ್ಮಾನಿಸಿಕೊಂಡಿರಲಿಲ್ಲ ಎಂಬುದನ್ನೂ ಉತ್ತರದಲ್ಲಿ ಬರೆಯಬೇಕು.

ಕುರ್ಚಿ ಬೇರೆ, ಮುಂದಾಳತನ ಬೇರೆ

ಬೆಳಗಾವಿಯವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ಟಿಳಕವಾಡಿಯ ಕಾಂಗ್ರೆಸ್ ಬಾವಿಯವರೆಗೆ ಹೋದರೆ ಸಾಕು. 1924ರ ಡಿಸೆಂಬರ್‌ನಲ್ಲಿ ಇಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ನೀರಿನ ಅಗತ್ಯಕ್ಕಾಗಿ ತೋಡಿಸಿದ ಬಾವಿ ಅದು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವೂ ಅದೇ. ಮರುವರ್ಷ ಕಾನ್ಪುರದಲ್ಲಿ ಆ ಪೀಠ ಸರೋಜಿನಿ ನಾಯ್ಡು ಅವರದಾಯಿತು. ಪೀಠ ವರ್ಷ ವರ್ಷ ಕೈ ಬದಲಾಯಿಸಿತು, ಆದರೂ ದೇಶ ಯಾರ ಮಾತಿಗೆ ಕಾಯುತ್ತಿತ್ತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹುದ್ದೆಯ ಅಧಿಕಾರ ನಿಯಮಗಳಿಂದ ಬರುತ್ತದೆ. ಜನ ಕೇಳುವ ಅಧಿಕಾರ ಬೇರೆ ಕಡೆಯಿಂದ ಬರುತ್ತದೆ.

ಐರೋಪ್ಯ ಒಕ್ಕೂಟದ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಆಯೋಗದ ಮೊದಲ ಅಧ್ಯಕ್ಷ ಜರ್ಮನಿಯ ವಾಲ್ಟರ್ ಹಾಲ್‌ಸ್ಟೈನ್ (1958–67). ಕಾನೂನು ಪ್ರಾಧ್ಯಾಪಕರಾಗಿದ್ದ ಅವರು ಆಯೋಗಕ್ಕೂ ಸಂಸತ್ತಿಗೂ ಹೆಚ್ಚು ಅಧಿಕಾರ ತರಲು ಹೊರಟಾಗ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಸಿಡಿದೆದ್ದರು. 1965ರ ಜುಲೈನಿಂದ ಫ್ರಾನ್ಸ್ ಸಚಿವರ ಮಂಡಳಿಯ ಸಭೆಗಳಿಗೇ ಬರಲಿಲ್ಲ. ‘ಖಾಲಿ ಕುರ್ಚಿ ಬಿಕ್ಕಟ್ಟು’ ಎಂದು ಹೆಸರಾದ ಈ ಜಗ್ಗಾಟ 1966ರ ಜನವರಿಯ ಲಕ್ಸೆಂಬರ್ಗ್ ರಾಜಿಯವರೆಗೆ ನಡೆಯಿತು. ಇದಕ್ಕೆ ವ್ಯತಿರಿಕ್ತವಾಗಿ ಫ್ರಾನ್ಸಿನ ಜಾಕ್ ಡೆಲೋರ್ 1985ರಿಂದ 1995ರವರೆಗೆ ಅದೇ ಹುದ್ದೆಯಲ್ಲಿದ್ದು ಸದಸ್ಯ ದೇಶಗಳ ನಡುವೆ ಸರಕು, ಸೇವೆ, ಬಂಡವಾಳ, ಜನ ತಡೆಯಿಲ್ಲದೆ ಓಡಾಡುವ ಏಕ ಮಾರುಕಟ್ಟೆಯನ್ನು ಕಟ್ಟಿಸಿದರು. ಜರ್ಮನಿಯ ಚಾನ್ಸೆಲರ್ ಕೋಲ್ ಮತ್ತು ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಅವರ ಬೆಂಬಲವನ್ನು ಮೊದಲು ಗಟ್ಟಿ ಮಾಡಿಕೊಂಡು ಡೆಲೋರ್ ಹೆಜ್ಜೆ ಇಡುತ್ತಿದ್ದರು. ಹಾಲ್‌ಸ್ಟೈನ್ ಅವರ ಕನಸು ಸಣ್ಣದಾಗಿರಲಿಲ್ಲ, ಅದನ್ನು ಹೊರಲು ದೇಶಗಳು ಆಗ ಸಿದ್ಧವಿರಲಿಲ್ಲ.

ಇತ್ತೀಚಿನ ಒಂದು ಉದಾಹರಣೆಯನ್ನೂ ಬರೆದಿಟ್ಟುಕೊಳ್ಳಿ, ಪರೀಕ್ಷಕರ ಕಣ್ಣಿಗೆ ಬೀಳುವಂಥದ್ದು. ಹೊಸ ಸದಸ್ಯರ ಸೇರ್ಪಡೆ, ವಿದೇಶಾಂಗ ನೀತಿ, ತೆರಿಗೆ ಮುಂತಾದ ವಿಷಯಗಳಲ್ಲಿ ಸರ್ವಾನುಮತ ಬೇಕು, ಒಂದೇ ದೇಶ ತಡೆಯೊಡ್ಡಬಹುದು. 2023ರ ಡಿಸೆಂಬರ್ 14ರಂದು ಉಕ್ರೇನ್‌ನ ಸದಸ್ಯತ್ವ ಮಾತುಕತೆ ಆರಂಭಿಸುವ ವಿಷಯ ಬಂದಾಗ ಹಂಗೇರಿಯ ಆಗಿನ ಪ್ರಧಾನಿ ಒರ್ಬಾನ್ ವಿರೋಧಕ್ಕೆ ನಿಂತಿದ್ದರು. ಜರ್ಮನಿಯ ಆಗಿನ ಚಾನ್ಸೆಲರ್ ಓಲಾಫ್ ಶೋಲ್ಜ್ ಅವರ ಸಲಹೆಯಂತೆ ಒರ್ಬಾನ್ ಸಭಾಕೋಣೆಯಿಂದ ಎದ್ದು ಹೊರಗೆ ಹೋದರು, ಉಳಿದ 26 ಮಂದಿ ತೀರ್ಮಾನ ಕೈಗೊಂಡರು. ಸಭೆಯ ಅಧ್ಯಕ್ಷತೆ ಮಿಷೆಲ್ ಅವರದಾಗಿತ್ತು, ದಾರಿ ಹುಡುಕಿದವರು ಶೋಲ್ಜ್.

ಆಯ್ಕೆಯ ದಾರಿಗಳು

ಮೊದಲು ಯುರೋಪಿಯನ್ ಕೌನ್ಸಿಲ್‌ನ ಅಧ್ಯಕ್ಷತೆಯೂ ಆರು ತಿಂಗಳ ಸರದಿಯದೇ ಆಗಿತ್ತು. ತಮ್ಮ ದೇಶವನ್ನೂ ಆಳುತ್ತ ಒಕ್ಕೂಟವನ್ನೂ ನಡೆಸುವುದು ಯಾವ ಪ್ರಧಾನಿಗೂ ಸುಲಭವಿರಲಿಲ್ಲ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು. 2009ರ ಡಿಸೆಂಬರ್ 1ರಂದು ಜಾರಿಗೆ ಬಂದ ಲಿಸ್ಬನ್ ಒಪ್ಪಂದ ಇದನ್ನು ಪೂರ್ಣಾವಧಿ ಹುದ್ದೆಯಾಗಿಸಿತು. ಆಗಿನ್ನೂ ಒಕ್ಕೂಟದಲ್ಲಿದ್ದ ಬ್ರಿಟನ್ನಿನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಅವರ ಹೆಸರು ಬಹಳ ಓಡಾಡಿತು. ಆಯ್ಕೆಯಾದವರು ಮಾತ್ರ ಪ್ರಧಾನಿಯಾಗಿ ಒಂದು ವರ್ಷವೂ ತುಂಬದ ಬೆಲ್ಜಿಯಂನ ವಾನ್ ರಾಂಪಾಯ್. ಹೊರಗಿನವರಿಗೆ ಅವರ ಪರಿಚಯವೇ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ತುಂಬ ವಿವೇಕದ ಆಯ್ಕೆ. ಡಚ್ ಮಾತನಾಡುವವರನ್ನೂ ಫ್ರೆಂಚ್ ಮಾತನಾಡುವವರನ್ನೂ ಒಂದೇ ಸರ್ಕಾರದಲ್ಲಿ ಕೂರಿಸುವುದು ಬೆಲ್ಜಿಯಂ ರಾಜಕಾರಣದ ನಿತ್ಯದ ಪಾಡು. ಅಲ್ಲಿ ಪಳಗಿದ ಅವರು ಯೂರೊ ಬಿಕ್ಕಟ್ಟಿನ ವರ್ಷಗಳಲ್ಲಿ ನಾಯಕರನ್ನು ಒಂದೇ ಮೇಜಿಗೆ ಹಿಡಿದಿಟ್ಟರು. ಎಲ್ಲರ ಮಾತು ಕೇಳಿ ಒಮ್ಮತ ಹುಡುಕುವ ಇಂಥ ಪೀಠಕ್ಕೆ ಸಣ್ಣ ದೇಶದವರೇ ಲೇಸು. ದೊಡ್ಡ ದೇಶದವರು ಕುಳಿತರೆ ಉಳಿದವರಿಗೆ ಮೊದಲ ದಿನದಿಂದಲೇ ಗುಮಾನಿ ಶುರುವಾಗುತ್ತದೆ.

ಆಯೋಗದ ಅಧ್ಯಕ್ಷರ ಆಯ್ಕೆ ಹೀಗಲ್ಲ. ಸಂಸತ್ ಚುನಾವಣೆಯ ಫಲಿತಾಂಶವನ್ನು ಗಮನದಲ್ಲಿಟ್ಟುಕೊಂಡು ಯುರೋಪಿಯನ್ ಕೌನ್ಸಿಲ್ ಹೆಸರು ಸೂಚಿಸಬೇಕು, ಸಂಸತ್ತು ತನ್ನ ಒಟ್ಟು ಸದಸ್ಯರ ಬಹುಮತದಿಂದ ಅವರನ್ನು ಆರಿಸಬೇಕು. ಕೌನ್ಸಿಲ್‌ನಲ್ಲಿ ಹೆಸರು ಗೆಲ್ಲಲು ಶೇ 72ರಷ್ಟು ದೇಶಗಳು, ಅಂದರೆ 20 ದೇಶಗಳು ಒಪ್ಪಬೇಕು. ಆ ದೇಶಗಳಲ್ಲಿ ಒಕ್ಕೂಟದ ಶೇ 65ರಷ್ಟು ಜನಸಂಖ್ಯೆ ಇರಬೇಕು ಎಂದು ಸರಳವಾಗಿ ನೆನಪಿಡಿ.

2014ರಲ್ಲಿ ಸಂಸತ್ತಿನ ಪಕ್ಷಗಳು ಒಂದು ಹೊಸ ದಾರಿ ತೆರೆದವು. ಚುನಾವಣೆಗೆ ಮೊದಲೇ ತಮ್ಮ ಪ್ರಮುಖ ಅಭ್ಯರ್ಥಿ ಯಾರೆಂದು ಘೋಷಿಸಿ, ಗೆದ್ದ ಪಕ್ಷದವರೇ ಆಯೋಗದ ಅಧ್ಯಕ್ಷರಾಗಬೇಕು ಎಂದು ಪಟ್ಟು ಹಿಡಿದವು. ಬ್ರಿಟನ್ನಿನ ಪ್ರಧಾನಿ ಕ್ಯಾಮರೂನ್ ಮತ್ತು ಒರ್ಬಾನ್ ವಿರೋಧಿಸಿದರೂ ಲಕ್ಸೆಂಬರ್ಗ್‌ನ ಜಾನ್ ಕ್ಲೋಡ್ ಯುಂಕರ್ ಆಯ್ಕೆಯಾದರು. ಮತ ಹಾಕಿದವರಿಗೂ ಆಳುವವರಿಗೂ ನಡುವೆ ಮೊದಲ ಬಾರಿಗೆ ಕಣ್ಣಿಗೆ ಕಾಣುವ ನಂಟು ಬೆಳೆಯಿತು. ಐದೇ ವರ್ಷದಲ್ಲಿ ಅದು ಕಡಿಯಿತು. 2019ರಲ್ಲಿ ಅತಿ ದೊಡ್ಡ ಗುಂಪಿನ ಅಭ್ಯರ್ಥಿ ಮ್ಯಾನ್‌ಫ್ರೆಡ್ ವೆಬರ್ ಅವರನ್ನು ನಾಯಕರು ಬದಿಗಿಟ್ಟು, ಯಾವ ಪಕ್ಷವೂ ಈ ಹುದ್ದೆಗೆ ಅಭ್ಯರ್ಥಿಯಾಗಿ ಜನರ ಮುಂದಿಡದ ವಾನ್ ಡೆರ್ ಲೆಯೆನ್ ಅವರ ಹೆಸರು ತಂದರು. ಗೆಲ್ಲಲು 374 ಮತ ಬೇಕಿತ್ತು, ಅವರಿಗೆ ಬಂದದ್ದು 383. ಅವರ ಸಾಮರ್ಥ್ಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪ್ರಚಾರದಲ್ಲಿ ಒಂದು ಮುಖ ತೋರಿಸಿ, ಮತ ಎಣಿಸಿದ ಮೇಲೆ ಇನ್ನೊಬ್ಬರನ್ನು ಕೂರಿಸಿದ್ದು ಮತದಾರರಿಗೆ ಮಾಡಿದ ಅನ್ಯಾಯ. 2024ರಲ್ಲಿ ಅವರು ಘೋಷಿತ ಅಭ್ಯರ್ಥಿಯಾಗಿಯೇ ಬಂದು 401 ಮತ ಪಡೆದದ್ದು ಆ ದೃಷ್ಟಿಯಿಂದ ಸಮಾಧಾನದ ವಿಷಯ.

ಹಾಗಿದ್ದರೆ ಜನರೇ ನೇರವಾಗಿ ಆರಿಸಬಾರದೇಕೆ ಎಂದು ಗುಂಪಿನಲ್ಲಿ ಕೆಲವರು ಕೇಳುತ್ತಾರೆ. ಆಕರ್ಷಕ ವಾದ. ಆದರೆ ಜರ್ಮನಿ, ಫ್ರಾನ್ಸ್, ಇಟಲಿ ಮೂರೇ ಸೇರಿದರೆ ಒಕ್ಕೂಟದ ಜನಸಂಖ್ಯೆಯ ಅರ್ಧದ ಹತ್ತಿರ ಬರುತ್ತದೆ. ಐದೂವರೆ ಲಕ್ಷದಷ್ಟು ಜನರಿರುವ ಮಾಲ್ಟಾದತ್ತ ಯಾವ ಅಭ್ಯರ್ಥಿ ತಿರುಗಿ ನೋಡುತ್ತಾರೆ? ಸಂಸತ್ತಿನಲ್ಲಾದರೆ ಜರ್ಮನಿಗೆ 96 ಸ್ಥಾನ, ಮಾಲ್ಟಾಕ್ಕೆ 6. ಜನಸಂಖ್ಯೆಯ ಲೆಕ್ಕಕ್ಕಿಂತ ಇದು ಸಣ್ಣವರಿಗೆ ಬಹಳ ಉದಾರ. ಜೊತೆಗೆ 24 ಭಾಷೆಗಳ ಪತ್ರಿಕೆ, ಟಿವಿಗಳಲ್ಲಿ ಹಂಚಿಹೋದ ಜನ ಒಂದೇ ಚರ್ಚೆಯನ್ನು ಒಟ್ಟಾಗಿ ಕೇಳುವ ಸ್ಥಿತಿ ಇನ್ನೂ ಬಂದಿಲ್ಲ. ಸರದಿಯ ಪದ್ಧತಿಗೆ ಸ್ವಿಟ್ಜರ್ಲೆಂಡ್ ಅನ್ನು ತೋರಿಸುವವರೂ ಇದ್ದಾರೆ. ಅಲ್ಲಿ ಏಳು ಸಚಿವರಲ್ಲಿ ಒಬ್ಬರು ವರ್ಷಕ್ಕೊಮ್ಮೆ ಅಧ್ಯಕ್ಷರಾಗುತ್ತಾರೆ. ಆ ಏಳೂ ಮಂದಿ ಒಂದೇ ದೇಶದ ಒಂದೇ ಸರ್ಕಾರದವರು, ಆದ್ದರಿಂದ ಹೋಲಿಕೆ ಹೆಚ್ಚು ದೂರ ಸಾಗದು.

ತೆಗೆದುಹಾಕುವವರು ಯಾರು

ಆಯ್ಕೆಯಷ್ಟೇ ಮುಖ್ಯವಾದ ಈ ಭಾಗವನ್ನು ಬಹಳಷ್ಟು ಟಿಪ್ಪಣಿಗಳು ಬಿಟ್ಟುಬಿಡುತ್ತವೆ. ಆಯೋಗವನ್ನು ಸಂಸತ್ತು ಕೆಳಗಿಳಿಸಬಹುದು. ಚಲಾವಣೆಯಾದ ಮತಗಳ ಮೂರನೇ ಎರಡರಷ್ಟು ಬೇಕು, ಅದು ಒಟ್ಟು ಸದಸ್ಯರ ಬಹುಮತವೂ ಆಗಿರಬೇಕು. 1999ರ ಮಾರ್ಚ್‌ನಲ್ಲಿ ಸ್ವತಂತ್ರ ತಜ್ಞರ ಸಮಿತಿ ಅಕ್ರಮ, ಸ್ವಜನಪಕ್ಷಪಾತಗಳ ವರದಿ ಕೊಟ್ಟಾಗ ಜಾಕ್ ಸಾಂತೆರ್ ಅವರ ಇಡೀ ಆಯೋಗ ರಾಜೀನಾಮೆ ನೀಡಿತು. ಸಂಸತ್ತಿನಲ್ಲಿ ಸೋಲುವ ಮುನ್ನವೇ ಹೊರಟದ್ದು. ಕೌನ್ಸಿಲ್ ಅಧ್ಯಕ್ಷರನ್ನು ಮಾತ್ರ ಅವರನ್ನು ಕೂರಿಸಿದ ನಾಯಕರೇ ತೆಗೆಯಬೇಕು, ಅಲ್ಲಿಗೆ ಮತದಾರರ ಕೈ ನೇರವಾಗಿ ಮುಟ್ಟುವುದಿಲ್ಲ.

ಆದ್ದರಿಂದ ನನ್ನ ಉತ್ತರ ಇದು: ಒಕ್ಕೂಟವನ್ನು ಮುನ್ನಡೆಸಬೇಕಾದವರು ಆಯೋಗದ ಅಧ್ಯಕ್ಷರು, ಅದೂ ಚುನಾವಣೆಗೆ ಮೊದಲೇ ಜನರ ಮುಂದೆ ಬಂದು ನಿಂತವರು. ಕೌನ್ಸಿಲ್ ಅಧ್ಯಕ್ಷರು ಸಭೆ ಕೂಡಿಸಿ ಒಮ್ಮತ ತರುವವರಾಗಿದ್ದರೆ ಸಾಕು. ಯುಂಕರ್ 2017ರ ಸೆಪ್ಟೆಂಬರ್‌ನಲ್ಲಿ ಎರಡೂ ಹುದ್ದೆಗಳನ್ನು ಒಂದಾಗಿಸಬೇಕು ಎಂದು ಸಂಸತ್ತಿನಲ್ಲಿ ಹೇಳಿದರು. ಕೌನ್ಸಿಲ್ ಅಧ್ಯಕ್ಷರು ತಮ್ಮ ದೇಶದಲ್ಲಿ ಹುದ್ದೆ ಹೊಂದಿರಬಾರದು ಎಂದಷ್ಟೇ ಒಪ್ಪಂದ ಹೇಳುತ್ತದೆ, ಹಾಗಾಗಿ ಕಾನೂನಿನ ಅಡ್ಡಿ ದೊಡ್ಡದಲ್ಲ. ಗುಂಪಿನಲ್ಲಿ ಹೆಚ್ಚಿನವರು ಇದನ್ನು ಮೆಚ್ಚುತ್ತಾರೆ, ಅಂಕಾರಾದಂಥ ಮುಜುಗರ ತಪ್ಪುತ್ತದೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಎರಡೂ ಒಬ್ಬರದೇ ಆದರೆ ಆ ವ್ಯಕ್ತಿ ಒಂದು ಕಡೆ ಸಂಸತ್ತಿಗೆ, ಇನ್ನೊಂದು ಕಡೆ 27 ನಾಯಕರಿಗೆ ಉತ್ತರ ಹೇಳಬೇಕು. ಸಂಸತ್ತು ಆಯೋಗವನ್ನು ಕೆಳಗಿಳಿಸಿದ ದಿನ ಅದೇ ವ್ಯಕ್ತಿ ಕೌನ್ಸಿಲ್‌ನ ಪೀಠದಲ್ಲಿ ಉಳಿಯಬಹುದೇ ಎಂಬುದಕ್ಕೆ ಯುಂಕರ್ ಅವರ ಸಲಹೆಯಲ್ಲಿ ನನಗೆ ಉತ್ತರ ಕಾಣುವುದಿಲ್ಲ.