ದನಿಯಿಲ್ಲದ ವಾದ

ನಮ್ಮ ಮನೆಯ ಹತ್ತಿರ ಮೊಬೈಲಿಗೆ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ. ಹಿತ್ತಿಲ ಧರೆ ಹತ್ತಿ ಹಲಸಿನ ಮರದ ಬುಡಕ್ಕೆ ಹೋಗಬೇಕು. 2024ರ ಲೋಕಸಭಾ ಚುನಾವಣೆಗೆ ಶಿವಮೊಗ್ಗದಲ್ಲಿ ಮತದಾನ ನಡೆದಿದ್ದು ಮೇ 7ಕ್ಕೆ. ಅದಕ್ಕೆ ಮುಂಚಿನ ಮೂರು ವಾರ, ರಾತ್ರಿ ಊಟ ಮುಗಿಸಿ ಟಾರ್ಚ್ ಹಿಡಿದು ಆ ಮರದಡಿ ನಿಲ್ಲುವುದೇ ನನ್ನ ಕೆಲಸವಾಗಿತ್ತು. ಊರಿನ ವಾಟ್ಸಾಪ್ ಗುಂಪಿನಲ್ಲಿ ಎದುರು ಅಭ್ಯರ್ಥಿಯ ಪರ ವಾದಿಸುತ್ತಿದ್ದವನು ನಮ್ಮ ಪಕ್ಕದ ತೋಟದವನು. ಇಬ್ಬರ ತೋಟಕ್ಕೂ ಒಂದೇ ಹಳ್ಳದ ನೀರು, ಅಡಿಕೆ ಮರ ಹತ್ತಿ ಕೊನೆ ಇಳಿಸುವ, ಔಷಧಿ ಹೊಡೆಯುವ ಕೊನೆಗಾರನೂ ಇಬ್ಬರಿಗೂ ಒಬ್ಬನೇ.

ಮಾತು ಹುಟ್ಟಿದ್ದು ಅಡಿಕೆ ಆಮದಿನ ಮೇಲೆ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತ್ತು. ಅದರಿಂದ ಬೆಳೆಗಾರನಿಗೆ ಆದದ್ದೇನು? ನಾನು ಆದೇಶದ ಫೋಟೊ ಹಾಕಿದೆ. ಅವನು ಮಂಡಿಯ ದರಪಟ್ಟಿ ಹಾಕಿದ. ನಾನು ಪತ್ರಿಕೆಯ ತುಣುಕು ಹಾಕಿದೆ, ಅವನು ಅದೇ ತುಣುಕಿನ ಕೊನೆಯ ಪ್ಯಾರಾಕ್ಕೆ ಕೆಂಪು ಗೆರೆ ಎಳೆದು ವಾಪಸ್ ಹಾಕಿದ. ನಾಲ್ಕನೇ ರಾತ್ರಿಗೆ ಅಡಿಕೆ ಎಲ್ಲೋ ಹೋಗಿ "ನಿಮ್ಮಂಥೋರು" ಎಂಬ ಮಾತು ಬಂದಿತ್ತು. ಅದನ್ನು ಮೊದಲು ಬರೆದವನು ನಾನು. ಆಮೇಲೆ ಎರಡು ತಿಂಗಳು ಅವನು ಬೇಲಿಯಾಚೆ ಕಂಡರೂ ತಲೆ ಎತ್ತಲಿಲ್ಲ.

ಅಷ್ಟು ಸ್ಪಷ್ಟ ಸಾಕ್ಷಿ ಕಣ್ಣೆದುರಿಗಿದ್ದೂ ಅವನಿಗೆ ಯಾಕೆ ಕಾಣಲಿಲ್ಲ ಎಂದು ನಾನು ಕೇಳಿಕೊಂಡೆ. ನನ್ನ ಬಗ್ಗೆ ಅವನೂ ಅದನ್ನೇ ಕೇಳಿಕೊಂಡಿದ್ದನೆಂದು ತಿಳಿದಿದ್ದು ಬಹಳ ತಡವಾಗಿ. ಮನಶ್ಶಾಸ್ತ್ರದಲ್ಲಿ ಈ ಪ್ರಶ್ನೆಗೆ ಎಪ್ಪತ್ತು ವರ್ಷಗಳ ಇತಿಹಾಸವಿದೆ. 1951ರ ನವೆಂಬರಿನಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯಿತು. ಒರಟಾಟ. ಒಬ್ಬನ ಮೂಗು ಮುರಿಯಿತು, ಎದುರು ತಂಡದ ಇನ್ನೊಬ್ಬನ ಕಾಲು ಮುರಿಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಇಬ್ಬರು ಸಂಶೋಧಕರು ಪಂದ್ಯದ ಚಿತ್ರಸುರುಳಿಯನ್ನು ಎರಡೂ ಕಾಲೇಜಿನ ಹುಡುಗರಿಗೆ ತೋರಿಸಿ, ಕಂಡ ತಪ್ಪುಗಳನ್ನೆಲ್ಲ ಗುರುತು ಹಾಕಿ ಎಂದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪು ಡಾರ್ಟ್‌ಮತ್ ಹುಡುಗರಿಗೆ ಕಂಡಿದ್ದು ಸರಾಸರಿ ನಾಲ್ಕು ಚಿಲ್ಲರೆ. ಪ್ರಿನ್ಸ್‌ಟನ್ ಹುಡುಗರಿಗೆ ಸುಮಾರು ಹತ್ತು. ಸುರುಳಿ ಒಂದೇ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. 1954ರಲ್ಲಿ ಪ್ರಕಟವಾದ ಆ ಬರಹದ ತಿರುಳು ಇಷ್ಟೇ: ಇಬ್ಬರೂ ಒಂದೇ ಪಂದ್ಯ ನೋಡಿರಲೇ ಇಲ್ಲ.

1979ರಲ್ಲಿ ಸ್ಟ್ಯಾನ್‌ಫರ್ಡ್‌ನ ಚಾರ್ಲ್ಸ್ ಲಾರ್ಡ್, ಲೀ ರಾಸ್ ಮತ್ತು ಮಾರ್ಕ್ ಲೆಪ್ಪರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮರಣದಂಡನೆ ಬೇಕು ಎನ್ನುವವರು, ಬೇಡ ಎನ್ನುವವರು, ಇಬ್ಬರಿಗೂ ಒಂದೇ ಜೋಡಿ ಅಧ್ಯಯನ ಓದಲು ಕೊಟ್ಟರು. ಒಂದರಲ್ಲಿ ಶಿಕ್ಷೆಯಿಂದ ಕೊಲೆ ಕಡಿಮೆಯಾಗುತ್ತದೆ ಎಂದಿತ್ತು, ಇನ್ನೊಂದರಲ್ಲಿ ಇಲ್ಲ ಎಂದಿತ್ತು. ಓದಿದ ಮೇಲೆ ಎರಡು ಕಡೆಯವರೂ ಹತ್ತಿರ ಬರಲಿಲ್ಲ, ತಮ್ಮ ನಿಲುವು ಇನ್ನಷ್ಟು ಗಟ್ಟಿಯಾಯಿತು ಎಂದರು. ತಮಗೆ ಒಪ್ಪುವ ಅಧ್ಯಯನವನ್ನು ಹಾಗೇ ನುಂಗಿದರು, ಒಪ್ಪದ್ದನ್ನು ಎಳೆ ಎಳೆಯಾಗಿ ಬಿಡಿಸಿ ಹುಳುಕು ಹುಡುಕಿದರು. ಕೆಂಪು ಗೆರೆ ಎಳೆದ ಆ ತುಣುಕು ನನಗೆ ನೆನಪಾಗುವುದು ಇಲ್ಲೇ. ಕೊನೆಯ ಪ್ಯಾರಾವನ್ನು ಅವನು ಸರಿಯಾಗಿಯೇ ಓದಿದ್ದ. ಓದದೆ ಬಿಟ್ಟವನು ನಾನು.

ಹಾಗಂತ ಸಾಕ್ಷಿ ಕೊಟ್ಟಷ್ಟೂ ಜನ ಹಿಂದಕ್ಕೇ ಹೋಗುತ್ತಾರೆ ಎಂದುಕೊಂಡರೆ ಅದೂ ತಪ್ಪು. ತಿದ್ದಿದರೆ ನಂಬಿಕೆ ಇನ್ನಷ್ಟು ಬಿಗಿಯಾಗುತ್ತದೆ ಎಂಬ ಮಾತು 2010ರ ಒಂದು ಅಧ್ಯಯನದಿಂದ ಬಹಳ ಪ್ರಚಾರ ಪಡೆಯಿತು. ಮುಂದೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ, 52 ವಿಷಯಗಳಲ್ಲಿ ಪರೀಕ್ಷಿಸಿದಾಗ ಹಾಗೆ ಬಿಗಿಯಾಗುವುದು ಹೆಚ್ಚುಕಡಿಮೆ ಎಲ್ಲೂ ಸಿಗಲಿಲ್ಲ. ಅಂಕಿ ಅಂಶವನ್ನು ಜನ ತಿದ್ದಿಕೊಳ್ಳುತ್ತಾರೆ. ಆದರೆ ಸಂಖ್ಯೆ ತಿದ್ದಿಕೊಂಡ ಮಾತ್ರಕ್ಕೆ ಅಭ್ಯರ್ಥಿಯನ್ನು ಬಿಡುವುದಿಲ್ಲ. ನನ್ನ ಪ್ರಕಾರ ಇದು ಮೊಂಡುತನವಲ್ಲ. ಅಭ್ಯರ್ಥಿಯನ್ನು ಆರಿಸುವಾಗ ನಾವು ಆರಿಸುವುದು ಒಂದು ಅಂಕಿಯನ್ನಲ್ಲ. ನಮ್ಮ ಜನ ಯಾರು, ಕಷ್ಟಕ್ಕೆ ಯಾರು ಆದಾರು ಎಂಬುದನ್ನು. ಇನ್ನೂರು ಜನ ನೋಡುವ ಗುಂಪಿನಲ್ಲಿ "ನೀನು ಹೇಳಿದ್ದು ಸರಿ" ಎಂದು ಬರೆದರೆ ಆ ಜನರ ನಡುವಿನಿಂದ ಎದ್ದು ಹೋದ ಹಾಗೆ. ಯಾರು ತಾನೇ ಬರೆಯುತ್ತಾರೆ?

ಎದುರು ಬಣದ ಮಾತು ಕಿವಿಗೆ ಬೀಳುತ್ತಿದ್ದರೆ ಸಾಕು, ಮನಸ್ಸು ಮೆತ್ತಗಾಗುತ್ತದೆ ಎಂಬ ನಂಬಿಕೆಗೂ 2018ರಲ್ಲಿ ಪೆಟ್ಟು ಬಿತ್ತು. ಕ್ರಿಸ್ ಬೇಲ್ ಮತ್ತು ಸಂಗಡಿಗರು ಅಮೆರಿಕದ ಟ್ವಿಟರ್ ಬಳಕೆದಾರರಿಗೆ ಹಣ ಕೊಟ್ಟು, ಎದುರು ಪಕ್ಷದ ಸಂದೇಶಗಳನ್ನು ಒಂದು ತಿಂಗಳು ಓದಿಸಿದರು. ರಿಪಬ್ಲಿಕನ್ನರು ತಮ್ಮ ದಿಕ್ಕಿಗೇ ಇನ್ನಷ್ಟು ವಾಲಿದರು. ಡೆಮಾಕ್ರಾಟರಲ್ಲಿ ಎದ್ದು ಕಾಣುವ ಬದಲಾವಣೆ ಆಗಲಿಲ್ಲ. ಹತ್ತಿರ ಮಾತ್ರ ಯಾರೂ ಬರಲಿಲ್ಲ.

ಹಾಗಾದರೆ ಪರದೆಯ ಮೇಲಿನ ವಾದದಲ್ಲಿ ಇಲ್ಲದಿರುವುದು ಏನು? ನನಗೆ ತೃಪ್ತಿ ಕೊಟ್ಟ ಉತ್ತರ 2017ರದು. ಜೂಲಿಯಾನಾ ಶ್ರೋಡರ್, ಮೈಕೆಲ್ ಕಾರ್ಡಸ್, ನಿಕೊಲಸ್ ಎಪ್ಲಿ ಮೂವರೂ ಸೇರಿ ಯುದ್ಧ, ಗರ್ಭಪಾತದಂಥ ವಿಷಯಗಳ ಮೇಲೆ ಜನ ತಮ್ಮ ನಿಲುವನ್ನು ಮಾತಿನಲ್ಲಿ ವಿವರಿಸುವುದನ್ನು ದಾಖಲಿಸಿದರು. ಆ ಮಾತುಗಳನ್ನೇ ಅಕ್ಷರಕ್ಕೂ ಇಳಿಸಿದರು. ತಮಗೆ ಒಪ್ಪದ ನಿಲುವನ್ನು ಬರಹದಲ್ಲಿ ಓದಿದವರಿಗೆ ಆ ವ್ಯಕ್ತಿ ಬುದ್ಧಿ ಕಡಿಮೆಯವನು, ಒಳಗೆ ಭಾವನೆ ಇಲ್ಲದವನು ಎನಿಸಿತು. ಅದೇ ಮಾತನ್ನು ಕಿವಿಯಲ್ಲಿ ಕೇಳಿದವರಿಗೆ ಅಷ್ಟು ಹಾಗೆನಿಸಲಿಲ್ಲ. ಮುಖ ಕಾಣುವುದರಿಂದ ಹೆಚ್ಚೇನೂ ಕೂಡಲಿಲ್ಲ, ದನಿಯೇ ದೊಡ್ಡದು. ಮಾತಾಡುವಾಗ ನಾವು ತಡವರಿಸುತ್ತೇವೆ, ಏರಿಳಿಯುತ್ತೇವೆ, ಒಂದು ಕ್ಷಣ ನಿಂತು ಮುಂದುವರಿಯುತ್ತೇವೆ. ಒಳಗೊಂದು ಮನಸ್ಸು ಓಡುತ್ತಿದೆ ಎಂಬುದಕ್ಕೆ ಗುರುತು ಅದೇ. ಅಕ್ಷರಕ್ಕೆ ಇಳಿಸಿದರೆ ಮೊದಲು ಬಿದ್ದುಹೋಗುವುದೂ ಅದೇ.

ಜುಲೈನಲ್ಲಿ ಮಳೆ ಹಿಡಿದು ಬಿಡದೆ ಹೊಡೆಯಿತು. ಮೈಲುತುತ್ತ ಸುಣ್ಣದ ದ್ರಾವಣ ಹೊಡೆಯದಿದ್ದರೆ ಕೊಳೆ ಹತ್ತಿ ಎಳೆಗಾಯಿ ಉದುರಿ ಹೋಗುತ್ತದೆ. ಕೊನೆಗಾರ ಯಾರ ಮನೆಗೆ ಯಾವ ದಿನ ಎಂಬುದನ್ನು ಕೂಡಿ ತೀರ್ಮಾನಿಸಲೇಬೇಕು. ಅವನೇ ಫೋನು ಮಾಡಿದ. "ನಿಮ್ಮನೆಗೆ ಯಾವಾಗ ಬರ್ತೀನಂದ?" ಎರಡು ತಿಂಗಳ ಮೇಲೆ ಕೇಳಿದ ದನಿ. ಹಿಂದೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು. ಔಷಧಿಯ ಮಾತು ಮುಗಿದ ಮೇಲೂ ಇಬ್ಬರೂ ಫೋನ್ ಇಡಲಿಲ್ಲ. ಕೊನೆಗೆ ಅವನು ಕೇಳಿದ: "ಆ 351 ರೂಪಾಯಿ ಐತಲ್ಲ, ಅದು ನಮ್ಮ ರಾಶಿ ಅಡಿಕೆ ರೇಟಿಗೆ ಹೆಂಗೆ ಬಂದು ಮುಟ್ತದೆ, ಒಂಚೂರು ಹೇಳು ನೋಡಾಣ."

ಹೇಳಲು ಶುರು ಮಾಡಿದೆ. ಆ ಬೆಲೆಗಿಂತ ಕಡಿಮೆಗೆ ಹೊರಗಿನ ಅಡಿಕೆ ಬರುವ ಹಾಗಿಲ್ಲ ಎಂಬುದು ಬಂತು. ಕದ್ದು ಬರುವ ಮಾಲಿಗೆ ಅದು ಹೇಗೆ ತಾಗುತ್ತದೆ, ಮಂಡಿಯ ಟೆಂಡರಿನಲ್ಲಿ ಖರೀದಿದಾರ ಯಾವ ಲೆಕ್ಕಕ್ಕೆ ದರ ಬರೆಯುತ್ತಾನೆ ಎಂಬಲ್ಲಿ ನಿಂತೆ. ಮೂರು ವಾರ ಆ ಅಂಕಿಯನ್ನು ಕೋಲಿನ ಹಾಗೆ ಬೀಸಿದ್ದೆ, ಅದರ ಕೆಲಸ ನನಗೆ ಗೊತ್ತಿರಲಿಲ್ಲ. "ನಂಗೂ ಅಲ್ಲಿಂದ ಮುಂದೆ ಹೊಳೆಯಲ್ಲ ಮಾರಾಯ" ಎಂದ ಅವನು.

2002ರಲ್ಲಿ ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ ತೋರಿಸಿದ್ದು ಇದನ್ನೇ. ಜಿಪ್ಪು, ಬೀಗ, ಶೌಚಾಲಯದ ಫ್ಲಶ್ ಹೇಗೆ ಕೆಲಸ ಮಾಡುತ್ತವೆ ಎಂಬುದು ತಮಗೆ ಚೆನ್ನಾಗಿ ಗೊತ್ತು ಎಂದವರು, ಹಂತ ಹಂತವಾಗಿ ವಿವರಿಸಲು ಕೂತಾಗ ತಮ್ಮ ತಿಳಿವಳಿಕೆಗೆ ತಾವೇ ಕಡಿಮೆ ಅಂಕ ಕೊಟ್ಟುಕೊಂಡರು. 2013ರಲ್ಲಿ ಫಿಲಿಪ್ ಫರ್ನ್‌ಬಾಕ್ ತಂಡ ಸರ್ಕಾರಿ ನೀತಿಗಳ ಮೇಲೆ ಇದನ್ನೇ ಪ್ರಯೋಗಿಸಿ, ಹೀಗೆ ವಿವರಿಸಿದವರ ನಿಲುವಿನ ತೀವ್ರತೆಯೂ ಇಳಿಯಿತು ಎಂದಿತು. 2021ರಲ್ಲಿ ಬೇರೆಯವರು ಮರಳಿ ಪರೀಕ್ಷಿಸಿದಾಗ ಗೊತ್ತಿದೆಯೆಂಬ ಭಾವ ಮತ್ತೆ ಇಳಿಯಿತು, ನಿಲುವು ಮಾತ್ರ ಜಗ್ಗಲಿಲ್ಲ. ನನ್ನ ಅನುಭವವೂ ಆ ಎರಡನೆಯದಕ್ಕೇ ಹತ್ತಿರ. ಆ ರಾತ್ರಿ ಇಬ್ಬರೂ ಅಭ್ಯರ್ಥಿ ಬದಲಿಸಲಿಲ್ಲ. "ನಿಮ್ಮಂಥೋರು" ಮಾತ್ರ ಮತ್ತೆ ಬಾಯಿಗೆ ಬರಲಿಲ್ಲ.

ನಮ್ಮ ಕಡೆ ವಾದವನ್ನೇ ಕಲೆಯಾಗಿ ಮಾಡಿದ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಅಲ್ಲಲ್ಲೇ ಮಾತು ಹುಟ್ಟಿಸಿ ವಾದಿಸುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಇವತ್ತು ವಾಲಿಯಾಗಿ ಜಾಡಿಸಿದವರು ಬರುವ ವಾರ ರಾಮನಾಗಿ ಕೂತು ಅದೇ ಬಾಣವನ್ನು ಸಮರ್ಥಿಸಬೇಕಾಗಬಹುದು. ವಾಲಿ ಸೋತರೂ ವಾಲಿಯ ಮಾತು ಸೋತಿರಬಾರದು, ಅದು ಸಭೆಯ ನಿರೀಕ್ಷೆ. ಇದರ ಬೆಲೆ ನನಗೆ ಹೊಸದಾಗಿ ತಿಳಿದದ್ದು ಇರ್ವಿಂಗ್ ಜಾನಿಸ್ ಮತ್ತು ಬರ್ಟ್ ಕಿಂಗ್ ಅವರ 1950ರ ದಶಕದ ಪ್ರಯೋಗಗಳನ್ನು ಓದಿದಾಗ. ತಮ್ಮದಲ್ಲದ ನಿಲುವನ್ನು ಸುಮ್ಮನೆ ಕೇಳಿದವರಿಗಿಂತ ತಾವೇ ನಿಂತು ಅದರ ಪರ ಮಾತಾಡಿದವರ ಅಭಿಪ್ರಾಯ ಹೆಚ್ಚು ಸಡಿಲಿತು. 1956ರಲ್ಲಿ ಅವರು ಇನ್ನೊಂದು ಕಂಡುಕೊಂಡರು: ಬರೆದುಕೊಟ್ಟಿದ್ದನ್ನು ಓದಿದವರಿಗಿಂತ ಸ್ವಂತ ಮಾತು ಹುಟ್ಟಿಸಿದವರಲ್ಲೇ ಬದಲಾವಣೆ ಹೆಚ್ಚು. ಇನ್ನೊಬ್ಬರ ಕಾರಣ ನಮ್ಮ ಬಾಯಲ್ಲಿ ಹುಟ್ಟಿದಾಗ ಅದರಲ್ಲಿ ಹುಳುಕು ಹುಡುಕುವ ಮನಸ್ಸೂ ನಮ್ಮದೇ, ಕಟ್ಟುವ ಮನಸ್ಸೂ ನಮ್ಮದೇ.

ಚೌತಿಯ ಮರುದಿನ ಊರಲ್ಲಿ ತಾಳಮದ್ದಳೆ ಇತ್ತು. ಮುಗಿದಾಗ ರಾತ್ರಿ ಎರಡು ದಾಟಿತ್ತು. ಇಬ್ಬರೂ ಒಂದೇ ಟಾರ್ಚಿನ ಬೆಳಕಿನಲ್ಲಿ ಮನೆ ಕಡೆ ಹೊರಟೆವು. ಹೊಂಡದಲ್ಲಿ ಕಪ್ಪೆ ಕೂಗುತ್ತಿದ್ದವು. ದಾರಿಯಲ್ಲಿ ಅವನಿಗೆ ಪ್ರಯೋಗದ ಕಥೆ ಹೇಳಿದೆ. "ಹಂಗಾರೆ ಉಣಗೋಲು ಸಿಗೋವರೆಗೂ ನಮ್ಮ ಅಭ್ಯರ್ಥಿ ಪರ ಅರ್ಥ ಹೇಳು" ಎಂದ. ಮೊದಲ ಎರಡು ಮಾತು ಹಲ್ಲಿನಲ್ಲೇ ಸಿಕ್ಕಿಕೊಂಡವು. ಮೂರನೆಯದು ಸಲೀಸಾಗಿ ಬಂತು. ನಾಲ್ಕನೆಯದನ್ನು ಹೇಳುವಾಗ, ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲವಲ್ಲ ಅನಿಸಿ ನಡಿಗೆ ನಿಧಾನವಾಯಿತು. ಉಣಗೋಲು, ಅಂದರೆ ಬೇಲಿಯ ನಡುವಿನ ಗಳುಗಳ ಗೇಟು, ಬಂತು. ಅವನು ಮೇಲಿನ ಗಳು ಸರಿಸಿ, ಕೈ ಅಲ್ಲೇ ಇಟ್ಟುಕೊಂಡು, "ಒಂದು ಬಿಟ್ಟೆ ನೀನು, ಭಾರೀ ಮುಖ್ಯದ್ದು" ಎಂದ. ಟಾರ್ಚ್ ಆರಿಸಿ ಕೇಳುತ್ತ ನಿಂತೆ.